ಕಟ್ಟುತ್ತಲೇ ಇರುವ ತಂಡ

ಸೋಲುವ ತಂಡದ ಅಭಿಮಾನಿಗೆ ಸಿಕ್ಕುವ ಸಮಾಧಾನ ಯಾವಾಗಲೂ ಒಂದೇ: “ತಂಡವನ್ನು ಹೊಸದಾಗಿ ಕಟ್ಟುತ್ತಿದ್ದಾರೆ, ಸ್ವಲ್ಪ ತಾಳಿ.” ಭಾರತದ ಫುಟ್‌ಬಾಲ್ ತಂಡಕ್ಕೆ ಮನಸ್ಸು ಕೊಟ್ಟು ಕುಳಿತ ನನ್ನಂಥವರು ಈ ಮಾತನ್ನು ಕೇಳಿದಷ್ಟು ಸಲ ಬೇರೆ ಯಾರೂ ಕೇಳಿರಲಾರರು. 2025ರ ಅಕ್ಟೋಬರ್ 14ರಂದು ಮಡಗಾಂವಿನಲ್ಲಿ, ನಮ್ಮದೇ ನೆಲದಲ್ಲಿ, ಸಿಂಗಪುರದವರು ನಮ್ಮನ್ನು 2-1ರಿಂದ ಸೋಲಿಸಿ 2027ರ ಏಷ್ಯಾ ಕಪ್ಪಿನ ಬಾಗಿಲನ್ನು ಮುಚ್ಚಿದರು. ಅದಾದ ಮೇಲೂ ಕಿವಿಗೆ ಬಿದ್ದದ್ದು ಅದೇ ಮಾತು. ‘ಮನೆ ಕಟ್ಟಿ ನೋಡು’ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಕಷ್ಟದ ಕೆಲಸವೆಂಬುದು ಗೊತ್ತು. ಆದರೆ ಮೇಸ್ತ್ರಿಯ ಮೇಲೆ ಮೇಸ್ತ್ರಿಯನ್ನು ಕರೆಸುವುದು, ಬಂದವನು ಹಿಂದಿನವನ ಗೋಡೆಯನ್ನು ಕೆಡವಿ ತನ್ನ ದಾರ ಹಿಡಿಯುವುದು, ತಳಪಾಯವನ್ನು ಮಾತ್ರ ಯಾರೂ ಬಗ್ಗಿ ನೋಡದಿರುವುದು, ಇದನ್ನು ಕಟ್ಟುವುದೆಂದು ಕರೆಯಬಹುದೆ?

ಈ ತಂಡವನ್ನು ಎಂದಾದರೂ ನಿಜವಾಗಿ ಕಟ್ಟಿದ್ದುಂಟೆ ಎಂದು ಯಾರಾದರೂ ಕೇಳಿದರೆ, ಒಂದು ಸಲ ಉಂಟು ಎನ್ನಬೇಕು. ಒಂದೇ ಸಲ. ಅದರ ಕಥೆ ಒಂದು ದೊಡ್ಡ ಸೋಲಿನಿಂದ ಮೊದಲಾಗುತ್ತದೆ. ಆ ಸೋಲಿನಲ್ಲಿ ಬೆಂಗಳೂರಿನವರೊಬ್ಬರ ಪಾತ್ರವೂ ಇದೆ.

1952ರ ಜುಲೈ ತಿಂಗಳಲ್ಲಿ ಹೆಲ್ಸಿಂಕಿಯ ಒಲಿಂಪಿಕ್ ಕೂಟದಲ್ಲಿ ಯುಗೋಸ್ಲಾವಿಯ ನಮ್ಮ ತಂಡವನ್ನು ಸೋಲಿಸಿತು. ಗೋಲುಗಳ ಲೆಕ್ಕ 10-1. ಹಿಂದಿನ ವರ್ಷವಷ್ಟೇ ದಿಲ್ಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಮೇವಾಲಾಲ್ ಹೊಡೆದ ಒಂದು ಗೋಲಿನಿಂದ ಇರಾನನ್ನು ಗೆದ್ದು ಚಿನ್ನ ತಂದಿದ್ದ ತಂಡ ಇದು. ಏಷ್ಯದಲ್ಲಿ ಚಿನ್ನ, ಯೂರೋಪಿನಲ್ಲಿ ಹತ್ತು ಗೋಲು! ನಮ್ಮವರಲ್ಲಿ ಹಲವರು ಬರಿಗಾಲಲ್ಲಿ ಆಡಿದ್ದರು. ಇತ್ತ ನಮ್ಮ ದೇಶದ ಪಂದ್ಯಗಳು ತೊಂಬತ್ತು ನಿಮಿಷ ನಡೆಯುತ್ತಲೂ ಇರಲಿಲ್ಲ. ಎಪ್ಪತ್ತು ನಿಮಿಷಕ್ಕೋ ಅದಕ್ಕೂ ಮುಂಚೆಯೋ ಸೀಟಿ ಊದಿಬಿಡುತ್ತಿದ್ದರು. ಅಲ್ಲಿ ಉಳಿದ ಇಪ್ಪತ್ತು ನಿಮಿಷ ಓಡಲು ಕಾಲು ಎಲ್ಲಿಂದ ಬರಬೇಕು?

ಆ ದಿನ ಕೊನೆಯ ಗಳಿಗೆಯಲ್ಲಿ ನಮ್ಮ ಒಂದೇ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಅಹಮದ್ ಖಾನ್. ಚೆಂಡನ್ನು ಕಾಲಿನಲ್ಲಿ ಆಡಿಸುವ ಚಮತ್ಕಾರಕ್ಕಾಗಿ ಅವರನ್ನು ಹಾವಾಡಿಗ ಎಂದೇ ಕರೆಯುತ್ತಿದ್ದರು. ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದ ಮುಂದಿನ ಸಾಲಿನ ಐವರನ್ನು ಅಲ್ಲಿಯ ಜನ ‘ಪಂಚ ಪಾಂಡವರು’ ಎನ್ನುತ್ತಿದ್ದರಲ್ಲ, ಅವರಲ್ಲಿ ಅಹಮದ್ ಖಾನ್ ಒಬ್ಬರು, ಬೆಂಗಳೂರಿನವರೇ ಆದ ಧನರಾಜ್ ಇನ್ನೊಬ್ಬರು. ಇಂದಿನ ಓದುಗರಿಗೆ ಇದು ವಿಚಿತ್ರವಾಗಿ ಕಾಣಬಹುದು. ಆದರೆ ಬ್ರಿಟಿಷ್ ಪಡೆಗಳ ತಂಡಗಳಿಗೇ ಮೀಸಲೆಂಬಂತಿದ್ದ ಮುಂಬಯಿಯ ರೋವರ್ಸ್ ಕಪ್ಪನ್ನು 1937ರಲ್ಲಿಯೂ 1938ರಲ್ಲಿಯೂ ಗೆದ್ದು ತಂದದ್ದು ನಮ್ಮ ಬೆಂಗಳೂರು ಮುಸ್ಲಿಮ್ಸ್ ತಂಡ. ಮೈಸೂರು ಸಂಸ್ಥಾನದ ತಂಡ 1946-47ರ ಸಂತೋಷ್ ಟ್ರೋಫಿಯನ್ನು ಬಂಗಾಳದವರಿಂದಲೇ ಕಿತ್ತುಕೊಂಡಿತ್ತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಎದುರು ಎರಡು ಪೆನಾಲ್ಟಿಗಳನ್ನು ಕೈಚೆಲ್ಲಿ 2-1ರಿಂದ ಸೋತಾಗಲೂ ನಮ್ಮ ಗೋಲು ಬಂದದ್ದು ಈ ಕಡೆಯ ಸಾರಂಗಪಾಣಿ ರಾಮನ್ ಅವರ ಕಾಲಿನಿಂದ. ಅಹಮದ್ ಖಾನ್ 2017ರಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡರು. ಹೆಸರು ಕೇಳಿದರೆ ‘ಯಾರು?’ ಎನ್ನುವವರೇ ಈಗ ಹೆಚ್ಚು.

ಹತ್ತು ಗೋಲಿನ ಸೋಲಿನ ನಂತರ ನಡೆದದ್ದನ್ನು ಗಮನಿಸಬೇಕು. ತಂಡದ ತರಬೇತುದಾರರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ. ವೃತ್ತಿಯಿಂದ ಶಾಲೆಯ ಉಪಾಧ್ಯಾಯರು. ಇಂದಾಗಿದ್ದರೆ ಅವರು ವಿಮಾನದಿಂದ ಇಳಿಯುವ ಮೊದಲೇ ಕೆಲಸ ಕಳೆದುಕೊಂಡಿರುತ್ತಿದ್ದರು. ಅಂದು ಅವರನ್ನು ಕಳೆದುಕೊಳ್ಳುವ ಬುದ್ಧಿ ಯಾರಿಗೂ ಬರಲಿಲ್ಲ. ನಡುವೆ ಒಂದೊಂದು ಪ್ರವಾಸಕ್ಕೆ ಬೇರೆಯವರು ಹೋದರೂ 1951, 1952, 1956, 1960, 1962, ಹೀಗೆ ದೊಡ್ಡ ಪರೀಕ್ಷೆಗಳಿಗೆಲ್ಲ ತಂಡದ ಜೊತೆ ನಿಂತವರು ರಹೀಂ ಸಾಹೇಬರೇ. ಮೊದಲು ಬಂದದ್ದು ಬೂಟು: ಹೆಲ್ಸಿಂಕಿಯ ನಂತರ ಬೂಟು ಹಾಕಿಯೇ ಆಡಬೇಕೆಂಬ ಕಟ್ಟಳೆಯಾಯಿತು. ಆಮೇಲೆ ಆಟದ ಹೂಟ. ಸೆಂಟರ್ ಫಾರ್ವರ್ಡನನ್ನು ಹಿಂದಕ್ಕೆ ಸರಿಸಿ, ಎದುರಾಳಿಯ ರಕ್ಷಕನನ್ನು ತಬ್ಬಿಬ್ಬು ಮಾಡುವ ಹಂಗೇರಿಯವರ ಕ್ರಮವನ್ನು ಅವರು ನಮ್ಮ ಹುಡುಗರಿಗೆ ಕಲಿಸಿದರು. ಹೈದರಾಬಾದಿನಲ್ಲಿ ಅವರು ದುರ್ಬಲವಾದ ಕಾಲಿನಿಂದ ಮಾತ್ರ ಒದೆಯಬೇಕೆಂಬ ನಿಯಮದ ಪಂದ್ಯಗಳನ್ನು ಏರ್ಪಡಿಸುತ್ತಿದ್ದುದು ಪ್ರಸಿದ್ಧವಾಗಿದೆ. ಮೇಷ್ಟರ ಬುದ್ಧಿ! ಎಡಗೈಯಲ್ಲಿ ಕಾಗುಣಿತ ಬರೆಸಿದ ಹಾಗೆ. ಅವರ ಕೈಕೆಳಗಿನ ಹೈದರಾಬಾದ್ ಪೋಲೀಸ್ ತಂಡ 1950ರಿಂದ 1954ರವರೆಗೆ ಐದು ವರ್ಷವೂ ರೋವರ್ಸ್ ಕಪ್ಪನ್ನು ಬೇರೆಯವರಿಗೆ ಬಿಟ್ಟುಕೊಡಲಿಲ್ಲ.

1956ರ ಮೆಲ್ಬೋರ್ನ್ ಒಲಿಂಪಿಕ್ಸಿನಲ್ಲಿ ಭಾರತ ನಾಲ್ಕನೆಯ ಸ್ಥಾನ ಪಡೆಯಿತೆಂದು ನಾವು ಈಗಲೂ ಎದೆಯುಬ್ಬಿಸಿ ಹೇಳಿಕೊಳ್ಳುತ್ತೇವೆ. ನಿಜ ಹೇಳಬೇಕೆಂದರೆ ಅಲ್ಲಿ ಆಡಿದ್ದು ಹನ್ನೊಂದು ತಂಡ. ಹಂಗೇರಿ ಬಾರದೆ ಉಳಿದದ್ದರಿಂದ ನಮಗೆ ಒಂದು ಸುತ್ತು ಪುಕ್ಕಟೆ ದೊರೆಯಿತು. ಗೆದ್ದದ್ದು ಒಂದೇ ಪಂದ್ಯ, ಆಸ್ಟ್ರೇಲಿಯದ ಎದುರು, 4-2ರಿಂದ. ನೆವಿಲ್ ಡಿಸೋಜಾ ಅದರಲ್ಲಿ ಮೂರು ಗೋಲು ಹೊಡೆದರು. ನನ್ನ ಎಣಿಕೆಯಲ್ಲಿ ಮೆಲ್ಬೋರ್ನಿಗಿಂತ 1960ರ ರೋಮ್ ದೊಡ್ಡದು, ಅಲ್ಲಿ ಒಂದೂ ಪಂದ್ಯ ಗೆಲ್ಲದಿದ್ದರೂ. ಹಂಗೇರಿಯ ಎದುರು 2-1ರ ಸೋಲು, ಫ್ರಾನ್ಸಿನ ಎದುರು 1-1ರ ಸಮ, ಪೆರುವಿನ ಎದುರು 3-1ರ ಸೋಲು. ಅದೇ ಹಂಗೇರಿ ಆ ಕೂಟದಲ್ಲಿ ಕಂಚು ಗೆದ್ದಿತು. ಎಂಟು ವರ್ಷದ ಹಿಂದೆ ಯೂರೋಪಿನವರಿಂದ ಹತ್ತು ಗೋಲು ತಿಂದವರು ಈಗ ಒಂದು ಗೋಲಿನ ಅಂತರದಲ್ಲಿ ನಿಂತಿದ್ದರು. ಪಟ್ಟಿಯಲ್ಲಿ ನೋಡಿದರೆ ಸೋಲು. ಕಣ್ಣಿಟ್ಟು ನೋಡಿದರೆ ಗೋಡೆ ಏಳುತ್ತಿತ್ತು.

ಅಭಿಮಾನಿಯಾದವನು ಇಲ್ಲಿ ಮುಖ್ಯವಾಗಿ ನೋಡಬೇಕಾದದ್ದು ಹೆಸರುಗಳನ್ನು. ಪಿ.ಕೆ. ಬ್ಯಾನರ್ಜಿ, ಬಲರಾಮ್, ಗೋಲ್‌ಕೀಪರ್ ತಂಗರಾಜ್, ಈ ಮೂವರೂ ಮೆಲ್ಬೋರ್ನಿಗೆ ಹೋದಾಗ ಇಪ್ಪತ್ತರ ಆಸುಪಾಸಿನ ಹುಡುಗರು. ರೋಮಿನಲ್ಲಿಯೂ ಅವರೇ; 1962ರಲ್ಲಿ ಜಕಾರ್ತದಲ್ಲಿಯೂ ಅವರೇ. ನಮ್ಮ ಕೆಂಪಯ್ಯನವರೂ ಮೆಲ್ಬೋರ್ನ್, ರೋಮ್ ಎರಡನ್ನೂ ಕಂಡವರು. ಸೋತರೆಂದು ಹುಡುಗರನ್ನು ಹೊರಗೆ ಹಾಕದೆ, ಸೋಲಿನೊಳಗೇ ಅವರನ್ನು ಹಣ್ಣುಮಾಡಿದರು.

ಜಕಾರ್ತದ ಏಷ್ಯನ್ ಕ್ರೀಡಾಕೂಟದ ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯ ನಮ್ಮನ್ನು 2-0ಯಿಂದ ಬಡಿಯಿತು. ಮುಂದೆ ಥೈಲೆಂಡಿನ ಎದುರು ಗೆದ್ದೆವು, ಆದರೆ ರಕ್ಷಣೆಯ ಕಂಬವಾಗಿದ್ದ ಜರ್ನೈಲ್ ಸಿಂಗರ ತಲೆ ಒಡೆದು ಹೊಲಿಗೆ ಬಿತ್ತು. ಜಪಾನನ್ನು 2-0ಯಿಂದ ಗೆದ್ದದ್ದಾಯಿತು. ಸೆಮಿಫೈನಲ್ಲಿಗೆ ರಹೀಂ ಸಾಹೇಬರು ಒಂದು ಯುಕ್ತಿ ಮಾಡಿದರು. ಗಾಯಗೊಂಡ ಜರ್ನೈಲರನ್ನು ರಕ್ಷಣೆಯಿಂದ ತೆಗೆದು ಮುಂದಿನ ಸಾಲಿನ ನಡುವೆ ನಿಲ್ಲಿಸಿದರು. ದಕ್ಷಿಣ ವಿಯೆಟ್ನಾಮಿನ ಎದುರು ಆತ ಗೋಲು ಹೊಡೆದರು. ಸೆಪ್ಟೆಂಬರ್ 4ರಂದು ಫೈನಲ್. ಮತ್ತೆ ಅದೇ ಕೊರಿಯ. ಇಸ್ರೇಲ್ ಮತ್ತು ತೈವಾನಿನವರನ್ನು ಕೂಟಕ್ಕೆ ಸೇರಿಸದೆ ಹೋದದ್ದನ್ನು ಭಾರತದ ಅಧಿಕಾರಿಯೊಬ್ಬರು ಆಕ್ಷೇಪಿಸಿದ್ದರಿಂದ ಊರಿಗೆ ಊರೇ ನಮ್ಮ ಮೇಲೆ ಕೆರಳಿತ್ತು. ಕ್ರೀಡಾಂಗಣ ತುಂಬ ಕೂಗು. ಆ ಗದ್ದಲದ ನಡುವೆ ಮೊದಲು ಪಿ.ಕೆ., ಅದರ ಬೆನ್ನಿಗೇ ಹೊಲಿಗೆಯ ತಲೆಯ ಜರ್ನೈಲ್. 2-1. ಏಷ್ಯಕ್ಕೆಲ್ಲ ನಾವೇ ಮೊದಲು. ಬೆಂಗಳೂರಿನ ಅರುಮೈನಾಯಗಂ ಸಹ ಆ ತಂಡದಲ್ಲಿದ್ದರು. ರಹೀಂ ಸಾಹೇಬರು ಆಗಲೇ ಕ್ಯಾನ್ಸರ್ ರೋಗಿ. ಒಂಬತ್ತು ತಿಂಗಳ ಮೇಲೆ, 1963ರ ಜೂನ್‌ನಲ್ಲಿ, ಕಾಲವಾದರು.

ಅವರ ಜೊತೆಯಲ್ಲಿ ಇಡೀ ವಿದ್ಯೆಯೇ ಹೋಯಿತು. ನನ್ನ ಸಿಟ್ಟು ಇರುವುದು ಇಲ್ಲಿ. ರಹೀಂ ಕಟ್ಟಿದ್ದು ತಂಡವನ್ನು. ಅವರಂಥ ಇನ್ನು ಹತ್ತು ಮಂದಿ ಮೇಷ್ಟರನ್ನು ತಯಾರಿಸುವ ಶಾಲೆಯನ್ನು ಕಟ್ಟಬೇಕಾದವರು ಬೇರೆ ಇದ್ದರು, ಅವರು ಕಟ್ಟಲಿಲ್ಲ. ಗೆದ್ದ ತಂಡವಿರುವಾಗ ಪಾಯದ ಚಿಂತೆ ಯಾರಿಗೆ? 1964ರಲ್ಲಿ ಏಷ್ಯಾ ಕಪ್ಪಿನಲ್ಲಿ ಎರಡನೆಯ ಸ್ಥಾನ, 1970ರಲ್ಲಿ ಬ್ಯಾಂಕಾಕಿನಲ್ಲಿ ಕಂಚು. ಏಷ್ಯನ್ ಕೂಟದಲ್ಲಿ ನಮಗೆ ಸಿಕ್ಕ ಕೊನೆಯ ಫುಟ್‌ಬಾಲ್ ಪದಕ ಅದು.

ಜಕಾರ್ತದಲ್ಲಿ ನಮ್ಮೆದುರು ಸೋತ ಜಪಾನಿನವರ ಕಥೆ ನೋಡಿ. ಅವರು 1960ರಲ್ಲಿಯೇ ದೆತ್ಮಾರ್ ಕ್ರಾಮರ್ ಎಂಬ ಜರ್ಮನ್ ಶಿಕ್ಷಕರನ್ನು ಕರೆಸಿಕೊಂಡಿದ್ದರು. 1962ರಲ್ಲಿ ಸೋತಾಗ ಆತನನ್ನು ಊರಿಗೆ ಕಳಿಸಲಿಲ್ಲ. 1964ರ ಟೋಕಿಯೋ ಒಲಿಂಪಿಕ್ಸಿನಲ್ಲಿ ಜಪಾನ್ ಅರ್ಜೆಂಟೀನವನ್ನು 3-2ರಿಂದ ಸೋಲಿಸಿತು. ಕ್ರಾಮರ್ ಹೊರಡುವಾಗ, ದೇಶಕ್ಕೆಲ್ಲ ಒಂದು ಲೀಗ್ ಮಾಡಿ, ತರಬೇತುದಾರರನ್ನು ತಯಾರಿಸಿ ಎಂದು ಬುದ್ಧಿ ಹೇಳಿದರು, ಅವರು ಕೇಳಿದರು. 1965ರಲ್ಲಿ ಎಂಟು ತಂಡಗಳ ಲೀಗ್ ಆರಂಭವಾಯಿತು, 1968ರಲ್ಲಿ ಮೆಕ್ಸಿಕೋದಲ್ಲಿ ಒಲಿಂಪಿಕ್ ಕಂಚು ಬಂತು. ಆಮೇಲೆ ಅವರೂ ಬಹುಕಾಲ ಒಣಗಿದರು, ಅದನ್ನು ಮುಚ್ಚಿಡಬೇಕಾಗಿಲ್ಲ. 1993ರಲ್ಲಿ ವೃತ್ತಿಪರ ಲೀಗ್ ತೆರೆದಾಗ ಪ್ರತಿಯೊಂದು ಕ್ಲಬ್ಬೂ ಎಳೆಯರ ತಂಡಗಳನ್ನು ಸಾಕಲೇಬೇಕೆಂದು ವಿಧಿಸಿದರು. 1998ರಿಂದ ಜಪಾನಿಲ್ಲದ ವಿಶ್ವಕಪ್ಪು ನಡೆದಿಲ್ಲ. ನಮಗೆ ದೇಶದ ಲೀಗ್ ಒಂದನ್ನು ತೆರೆಯಲು 1996ರವರೆಗೆ ಪುರಸೊತ್ತಾಗಲಿಲ್ಲ.

ಅಲ್ಲಿಂದೀಚಿನ ನಮ್ಮ ಮೇಸ್ತ್ರಿಗಳ ಸಾಲನ್ನು ಬೇಗ ದಾಟಿಬಿಡೋಣ. 1984ರಲ್ಲಿ ಯುಗೋಸ್ಲಾವಿಯದ ಮಿಲೊವಾನ್ ನಮ್ಮನ್ನು ಏಷ್ಯಾ ಕಪ್ಪಿಗೆ ಕರೆದೊಯ್ದರು. ಅಲ್ಲಿ ಒಂದೂ ಗೋಲು ಹೊಡೆಯದೆ, ಇರಾನಿನ ಜೊತೆ ಒಂದು ಸಮ ಮಾಡಿಕೊಂಡು ಬಂದೆವು. ಇಂಗ್ಲೆಂಡಿನ ಬಾಬ್ ಹೌಟನ್ 2006ರಿಂದ ಐದು ವರ್ಷ ಇದ್ದರು. ಈ ಸಾಲಿನಲ್ಲಿ ನನಗೆ ಗೌರವವಿರುವುದು ಅವರ ಮೇಲೆಯೇ. ಒಂದೇ ಕೂಟವನ್ನು ಹಿಡಿದು ನಿಲ್ಲಿಸಿ 2008ರಲ್ಲಿ ಚಾಲೆಂಜ್ ಕಪ್ ಗೆದ್ದು ಏಷ್ಯಾ ಕಪ್ಪಿನ ಹಾದಿ ತೆರೆದರು. 2011ರಲ್ಲಿ ದೋಹಾದಲ್ಲಿ ಮೂರು ಪಂದ್ಯದಲ್ಲಿ ಹದಿಮೂರು ಗೋಲು ಬಿದ್ದವು. ಆ ವರ್ಷವೇ ಅವರೂ ಹೋದರು. ಮುಂದೆ ಹಾಲೆಂಡಿನವರೊಬ್ಬರು, ಮತ್ತೆ ಇಂಗ್ಲೆಂಡಿನ ಕಾನ್‌ಸ್ಟಂಟೈನ್, ಕ್ರೊಯೇಷಿಯದ ಸ್ತಿಮಾಚ್, ಸ್ಪೇನಿನ ಮಾರ್ಕೆಸ್. 2015ರ ಮಾರ್ಚ್‌ನಲ್ಲಿ ನಾವು ಜಗತ್ತಿನ ಪಟ್ಟಿಯಲ್ಲಿ 173ನೆಯವರು. ಆ ವರ್ಷ ಗುವಾಮ್ ಎಂಬ ದ್ವೀಪದವರೂ ನಮ್ಮನ್ನು ಸೋಲಿಸಿದರು. ಒಬ್ಬರು ಉದ್ದುದ್ದ ಒದೆಯಿರಿ ಎಂದರು, ಇನ್ನೊಬ್ಬರು ನೆಲದ ಮೇಲೆ ಉರುಳಿಸಿ ಎಂದರು. ಹೊಸ ಹುಡುಗರು ಸಾಲುಸಾಲಾಗಿ ಬಂದರು, ಸಾಲುಸಾಲಾಗಿ ಹೋದರು.

2023ರ ಜುಲೈ 4ರಂದು ಕಂಠೀರವ ಕ್ರೀಡಾಂಗಣದಲ್ಲಿ ಕುವೈತಿನ ಎದುರು ದಕ್ಷಿಣ ಏಷ್ಯದ ಫೈನಲ್ ನೋಡುತ್ತ ನಾನೂ ಕುಳಿತಿದ್ದೆ. 1-1ರ ಸಮ, ಪೆನಾಲ್ಟಿಯಲ್ಲಿ ಗುರ್‌ಪ್ರೀತ್ ಕೊನೆಯ ಚೆಂಡನ್ನು ತಡೆದಾಗ ಗಂಟಲು ಹರಿಯುವಂತೆ ಕೂಗಿದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು, ಆಸ್ಟಿನ್ ಟೌನಿನವರಂತೆ, ನನ್ನ ಬೆನ್ನು ತಟ್ಟಿ, “ಏನ್ ಸಾರ್, ಕಟ್ಟಡ ಎಲ್ಲೀವರೆಗೆ ಬಂತು? ಸಜ್ಜಾ ಬಂತೋ?” ಎಂದರು. ಆ ತಿಂಗಳು ನಮ್ಮ ಸ್ಥಾನ 99. ಆರು ತಿಂಗಳ ನಂತರ ಕತಾರಿನ ಏಷ್ಯಾ ಕಪ್ಪಿನಲ್ಲಿ ಮೂರು ಸೋಲು, ಒಂದೂ ಗೋಲಿಲ್ಲ. ಮಾರ್ಚ್‌ನಲ್ಲಿ ಗೌಹಾತಿಯಲ್ಲಿ ಆಫ್ಘಾನಿಸ್ತಾನದವರಿಗೂ ಸೋತೆವು.

ಗೋಲು ಏಕೆ ಬೀಳುವುದಿಲ್ಲವೆಂಬುದು ರಹಸ್ಯವೇನಲ್ಲ. 2014ರಲ್ಲಿ ಐ.ಎಸ್.ಎಲ್. ಎಂಬ ಹೊಸ ಲೀಗ್ ಬಂದಾಗ ಒಂದು ತಂಡದಲ್ಲಿ ಆರು ಮಂದಿ ವಿದೇಶೀಯರು ಒಟ್ಟಿಗೆ ಆಡಬಹುದಿತ್ತು. ಅದು ನಾಲ್ಕಕ್ಕೆ ಇಳಿದದ್ದು 2021ರಲ್ಲಿ. ದುಡ್ಡು ಕೊಟ್ಟು ತಂದ ವಿದೇಶೀಯನನ್ನು ಯಾವ ಕ್ಲಬ್ಬು ತಾನೆ ಮುಂದಿನ ಸಾಲಿನಲ್ಲಿ ನಿಲ್ಲಿಸದೆ ಹಿಂದೆ ನಿಲ್ಲಿಸುತ್ತದೆ? ನಮ್ಮ ಹುಡುಗ ಪಕ್ಕಕ್ಕೆ ಸರಿದ. ಸುನೀಲ್ ಛೇತ್ರಿ 2024ರ ಜೂನ್‌ನಲ್ಲಿ ವಿದಾಯ ಹೇಳಿದರು. ಒಂಬತ್ತು ತಿಂಗಳಿಗೆ ಅವರನ್ನೇ ಮತ್ತೆ ಕರೆಯಬೇಕಾಯಿತು. ನಲವತ್ತು ವರ್ಷದ ಮನುಷ್ಯ ಬಂದು ಮಾಲ್ದೀವಿನ ಎದುರು ತಲೆಯಿಂದ ಗೋಲು ಹೊಡೆದರು. ಬೆಂಗಳೂರು ತಂಡದ ನಾಯಕರೆಂದು ನಾನು ಹೆಮ್ಮೆಪಟ್ಟೆ. ಹೆಮ್ಮೆಯೊಳಗೇ ಹೊಟ್ಟೆ ಉರಿಯಿತು. ಹತ್ತು ವರ್ಷ ಕಟ್ಟಿದ ಮನೆಗೆ ಒಂದು ತೊಲೆ ಸಿಕ್ಕಿರಲಿಲ್ಲ.

ಎಳೆಯರ ಕೂಟವನ್ನು ಹಿಡಿದಿಟ್ಟು ಬೆಳೆಸುವ ಪ್ರಯತ್ನ ನಡೆಯಲೇ ಇಲ್ಲವೆನ್ನಲಾಗದು. 2010ರಲ್ಲಿ ‘ಆರೋಸ್’ ಎಂಬ ಹುಡುಗರ ತಂಡವನ್ನು ಮಾಡಿ ಲೀಗಿನಲ್ಲಿ ಆಡಿಸಿದರು, 2013ರಲ್ಲಿ ಮುಚ್ಚಿದರು. 2017ರಲ್ಲಿ ಹದಿನೇಳರ ಒಳಗಿನವರ ವಿಶ್ವಕಪ್ಪು ನಮ್ಮಲ್ಲಿ ನಡೆದು, ದಿಲ್ಲಿಯಲ್ಲಿ ಕೊಲಂಬಿಯದ ಎದುರು ಜೀಕ್ಸನ್ ಸಿಂಗ್ ಎಂಬ ಹುಡುಗ ವಿಶ್ವಕಪ್ಪಿನಲ್ಲಿ ಭಾರತದ ಮೊತ್ತಮೊದಲ ಗೋಲನ್ನು ಹೊಡೆದ ಮೇಲೆ ಅದೇ ಆರೋಸ್ ತಂಡವನ್ನು ಮತ್ತೆ ತೆರೆದರು. ಆ ಹುಡುಗರಲ್ಲಿ ಜೀಕ್ಸನ್, ಈಗ ಬೆಂಗಳೂರಿಗೆ ಆಡುವ ಸುರೇಶ್, ಅನ್ವರ್ ಅಲಿ, ಹೀಗೆ ಹಲವರು ದೇಶದ ಹಿರಿಯ ತಂಡಕ್ಕೆ ಬಂದರು. ರಹೀಂ ಸಾಹೇಬರು ಕಂಡಿದ್ದರೆ ಗುರುತು ಹಿಡಿಯುತ್ತಿದ್ದ ಕೆಲಸ ಅದೊಂದೇ. 2022ರಲ್ಲಿ ಅದನ್ನೂ ಮುಚ್ಚಿದರು. ಮರುವರ್ಷದ ಜನವರಿಯಲ್ಲಿ ಹೊಸ ಯೋಜನೆಯೊಂದು ಪ್ರಕಟವಾಯಿತು. 2047ರ ಹೊತ್ತಿಗೆ ಭಾರತ ಏಷ್ಯದ ಮೊದಲ ನಾಲ್ಕು ತಂಡಗಳಲ್ಲಿ ಒಂದಾಗಬೇಕಂತೆ. 1962ರಲ್ಲಿ ನಾವು ಮೊದಲನೆಯವರಾಗಿದ್ದೆವು.