ಪಾಲು ಕೇಳದ ತಾಯಿ, ಮರಳದ ಮಗಳು: ‘ಇಮಿಟೇಷನ್ ಆಫ್ ಲೈಫ್’ ಕಾದಂಬರಿ ಮತ್ತು ಅದರ ಎರಡು ಸಿನಿಮಾಗಳು

ಮಳೆ ಸುರಿಯುತ್ತಿದೆ. ಶಾಲೆಯ ಕೋಣೆಯ ಬಾಗಿಲಲ್ಲಿ ತುಂಬುಮೈಯ ಕಪ್ಪು ಹೆಂಗಸೊಬ್ಬಳು ನಿಂತಿದ್ದಾಳೆ. ಮಗಳು ನೆನೆದಾಳು ಎಂದು ಮಳೆಗೆ ಹಾಕುವ ಬೂಟು ತಂದಿದ್ದಾಳೆ. ಈ ತರಗತಿಯಲ್ಲಿ ಕಪ್ಪು ಮಕ್ಕಳು ಯಾರೂ ಇಲ್ಲ, ನಿಮಗೆಲ್ಲೋ ತಪ್ಪಾಗಿರಬೇಕು ಎಂದು ಟೀಚರ್ ನಯವಾಗಿಯೇ ಹೇಳುತ್ತಾಳೆ. ತಾಯಿಯ ಕಣ್ಣು ಸಾಲು ಸಾಲು ಬೆಂಚುಗಳನ್ನು ಹುಡುಕಿ ಒಂದು ಕಡೆ ನಿಲ್ಲುತ್ತದೆ. ಅಲ್ಲಿ ಬಿಳಿಯರ ಮೈಬಣ್ಣದ ಹುಡುಗಿಯೊಬ್ಬಳು ತೆರೆದ ಪುಸ್ತಕದ ಹಿಂದೆ ಮುಖ ಮರೆಸಿಕೊಂಡಿದ್ದಾಳೆ. ಇಗೋ ನನ್ನ ಮಗು ಎಂದು ತಾಯಿ ಗುರುತಿಸಿದ ಕ್ಷಣವೇ ಮಗುವಿನ ಗುಟ್ಟು ಬಯಲಾಗುತ್ತದೆ. ಅಕ್ಕರೆಯಿಂದ ಬೂಟು ತಂದದ್ದೇ ತಾಯಿ ಮಾಡಿದ ತಪ್ಪಾಗುತ್ತದೆ.

ಇದು 1934ರಲ್ಲಿ ಯೂನಿವರ್ಸಲ್ ಸ್ಟುಡಿಯೋಗಾಗಿ ಜಾನ್ ಎಂ. ಸ್ಟಾಲ್ ನಿರ್ದೇಶಿಸಿದ ‘ಇಮಿಟೇಷನ್ ಆಫ್ ಲೈಫ್’ ಚಿತ್ರದ ದೃಶ್ಯ. ಅದಕ್ಕೆ ಮೂಲ, 1933ರಲ್ಲಿ ಬಂದ ಫ್ಯಾನಿ ಹರ್ಸ್ಟ್ ಅವರ ಅದೇ ಹೆಸರಿನ ಕಾದಂಬರಿ. 1959ರಲ್ಲಿ ಅದೇ ಸ್ಟುಡಿಯೋ ಡಗ್ಲಸ್ ಸರ್ಕ್ ಕೈಯಲ್ಲಿ ಅದನ್ನು ಮತ್ತೆ ಮಾಡಿಸಿತು. ಅಮೆರಿಕದ ವಿಮರ್ಶೆ ಈ ಮೂರನ್ನೂ ಹೆಚ್ಚಾಗಿ ‘ಪಾಸಿಂಗ್’ ಕಥನಗಳ ಸಾಲಿನಲ್ಲಿಟ್ಟು ಓದುತ್ತದೆ. ಕಪ್ಪು ಜನಾಂಗದಲ್ಲಿ ಹುಟ್ಟಿ, ಮೈಬಣ್ಣ ಬಿಳಿಯಾಗಿರುವ ಬಲದಿಂದ ಬಿಳಿಯರೊಳಗೊಬ್ಬರಾಗಿ ಬಾಳುವುದಕ್ಕೆ ಅಲ್ಲಿನವರು ಕೊಟ್ಟ ಹೆಸರು ಅದು. ಕನ್ನಡದಲ್ಲಿ ಅದಕ್ಕೆ ಒಂಟಿ ಪದ ಸಿಗುವುದಿಲ್ಲ. ‘ವೇಷ’ ಎಂದರೆ ಮೋಸದ ವಾಸನೆ ಬರುತ್ತದೆ, ‘ದಾಟುವುದು’ ಎಂದರೆ ಅಂಜಿಕೆ ಬಿಟ್ಟುಹೋಗುತ್ತದೆ. ಹಾಗಾಗಿ ‘ಪಾಸಿಂಗ್’ ಎಂದೇ ಬಳಸುತ್ತೇನೆ. ಆದರೆ ನನಗೆ ಮುಖ್ಯವಾಗಿ ಕಂಡದ್ದು ಬೇರೆ ಎರಡು ಪ್ರಶ್ನೆಗಳು. ಕಪ್ಪು ತಾಯಿಯ ಕೈಗುಣದಿಂದ ಬಂದ ಹಣ ಯಾರ ಪಾಲಾಯಿತು? ಬಿಟ್ಟುಹೋದ ಮಗಳು ಮರಳಿ ಬಂದಳೇ? ಕಾದಂಬರಿ ಮತ್ತು ಎರಡು ಸಿನಿಮಾ ಈ ಎರಡು ಪ್ರಶ್ನೆಗಳ ವಿಷಯದಲ್ಲೇ ಬೇರೆಯಾಗುತ್ತವೆ.

ಫ್ಯಾನಿ ಹರ್ಸ್ಟ್ ಯಹೂದಿ ಮನೆತನದವರು. ಒಹಾಯೋ ರಾಜ್ಯದ ಹ್ಯಾಮಿಲ್ಟನ್‌ನಲ್ಲಿ ಹುಟ್ಟಿ, ಸೇಂಟ್ ಲೂಯಿಸ್‌ನಲ್ಲಿ ಬೆಳೆದು, ನ್ಯೂಯಾರ್ಕ್ ಸೇರಿದವರು. ಅಂದಿನ ಅಮೆರಿಕದಲ್ಲಿ ಕಥೆಗೆ ಅತಿ ಹೆಚ್ಚು ಸಂಭಾವನೆ ಪಡೆಯುತ್ತಿದ್ದ ಲೇಖಕರಲ್ಲಿ ಒಬ್ಬರು. ಪಂಡಿತರು ಮೂಗು ಮುರಿಯುತ್ತಿದ್ದರು, ಓದುಗರು ಮುಗಿಬೀಳುತ್ತಿದ್ದರು. ಅವರ ‘ಬ್ಯಾಕ್ ಸ್ಟ್ರೀಟ್’ ಕಾದಂಬರಿಯನ್ನು ಇದೇ ಸ್ಟಾಲ್ 1932ರಲ್ಲಿ ಸಿನಿಮಾ ಮಾಡಿದ್ದರು. ‘ಇಮಿಟೇಷನ್ ಆಫ್ ಲೈಫ್’ ಮೊದಲು ‘ಪಿಕ್ಟೋರಿಯಲ್ ರಿವ್ಯೂ’ ಎಂಬ ಮಹಿಳಾ ಮಾಸಿಕದಲ್ಲಿ ‘ಶುಗರ್ ಹೌಸ್’ ಎಂಬ ಹೆಸರಿನಲ್ಲಿ ಧಾರಾವಾಹಿಯಾಗಿ ಬಂತು.

ಹರ್ಸ್ಟ್‌ಗೆ ಕಪ್ಪು ಜನರ ಸಾಹಿತ್ಯಲೋಕ ಹೊಸದಾಗಿರಲಿಲ್ಲ. 1925ರಲ್ಲಿ ‘ಆಪರ್ಚುನಿಟಿ’ ಪತ್ರಿಕೆ ನಡೆಸಿದ ಸಾಹಿತ್ಯ ಸ್ಪರ್ಧೆಗೆ ಅವರು ತೀರ್ಪುಗಾರರಲ್ಲಿ ಒಬ್ಬರಾಗಿದ್ದರು. ಅಲ್ಲಿ ಬಹುಮಾನ ಗೆದ್ದ ಕಪ್ಪು ಲೇಖಕಿ ಜೋರಾ ನೀಲ್ ಹರ್ಸ್ಟನ್ ಕೆಲಕಾಲ ಅವರ ಕಾರ್ಯದರ್ಶಿಯಾಗಿ, ಆಮೇಲೆ ಕಾರು ಓಡಿಸುವ ಜೊತೆಗಾತಿಯಾಗಿ ಇದ್ದರು. ಹರ್ಸ್ಟ್ ಮುಂದೆ ಬರೆದ ನೆನಪಿನಲ್ಲಿ ಒಂದು ಪ್ರಸಂಗ ಬರುತ್ತದೆ. ಪ್ರಯಾಣದಲ್ಲಿ ಕಪ್ಪು ಹೆಂಗಸಿಗೆ ಹೋಟೆಲಿನಲ್ಲಿ ಊಟ ಸಿಗುವುದು ಕಷ್ಟವಿದ್ದ ಕಾಲ. ಒಂದು ಕಡೆ ಹರ್ಸ್ಟ್ ಧೈರ್ಯ ಮಾಡಿ, ಜೊತೆಗಿರುವವಳು ಒಬ್ಬ ರಾಜಕುಮಾರಿ ಎಂದು ಹೇಳಿ ಒಳಗೆ ಕರೆದೊಯ್ದರು. ಮೇಜು ಸಿಕ್ಕಿತು, ಊಟವೂ ಸಿಕ್ಕಿತು. ಜೋರಾ ಅವರಿಗೆ ಆ ಊಟ ಕಹಿಯಾಯಿತು. ಅಮೆರಿಕದ ಕಪ್ಪು ಹೆಂಗಸಿಗೆ ಇಲ್ಲದ ಮೇಜು ಪರದೇಶದ ರಾಜಕುಮಾರಿಗೆ ಇತ್ತಲ್ಲ! ಕಾದಂಬರಿಯ ಬೀಜ ಇಲ್ಲೇ ಬಿತ್ತು ಎಂದು ನಾನು ಹೇಳಲಾರೆ. ಆದರೆ ಹೆಸರು ಬದಲಿಸಿದರೆ ಬಾಗಿಲು ತೆರೆಯುತ್ತದೆ ಎಂಬುದು ಹರ್ಸ್ಟ್ ಕಣ್ಣಾರೆ ಕಂಡ ಸಂಗತಿ.

ಕಾದಂಬರಿಯಲ್ಲಿ ಮೊದಲು ಹೆಸರಿನ ಮರೆಯಲ್ಲಿ ನಿಲ್ಲುವವಳು ಬಿಳಿಯಳಂತೆ ಕಾಣುವ ಆ ಕಪ್ಪು ಹುಡುಗಿ ಪಿಯೋಲಾ ಅಲ್ಲ, ಬಿಳಿಯ ಹೆಂಗಸು ಬಿಯಾ ಪುಲ್‌ಮನ್. ವಿಮರ್ಶಕರು ಇದನ್ನು ಬೇಗ ದಾಟಿಹೋಗುತ್ತಾರೆ. ಬಿಯಾ ಅಟ್ಲಾಂಟಿಕ್ ಸಿಟಿಯವಳು. ಗಂಡ ರೈಲು ಅಪಘಾತದಲ್ಲಿ ಸತ್ತ. ಮನೆಯಲ್ಲಿ ಪಾರ್ಶ್ವವಾಯು ಬಡಿದ ತಂದೆ, ಕೈಕೂಸು. ಗಂಡ ಮಾಡುತ್ತಿದ್ದ ಮೇಪಲ್ ಸಿರಪ್ ವ್ಯಾಪಾರವನ್ನು ಅವನದೇ ವಿಸಿಟಿಂಗ್ ಕಾರ್ಡ್ ಇಟ್ಟುಕೊಂಡು ಮುಂದುವರಿಸುತ್ತಾಳೆ. ಕಾರ್ಡಿನ ಮೇಲೆ ‘ಬಿ. ಪುಲ್‌ಮನ್’ ಎಂದಿದ್ದರೆ ಗಿರಾಕಿಗಳು ಗಂಡಸೆಂದೇ ತಿಳಿಯುತ್ತಾರೆ. ಬಿಳಿಯ ಹೆಂಗಸು ಗಂಡಸಿನ ಹೆಸರಿನಲ್ಲಿ ವ್ಯಾಪಾರ ಮಾಡಿದರೆ ಅದು ಜಾಣತನ. ಕಪ್ಪು ಹುಡುಗಿ ಬಿಳಿಯಳೆಂದು ಬದುಕಿದರೆ ಅದು ತಾಯಿಗೆ ಬಗೆದ ದ್ರೋಹ. ಕಾದಂಬರಿ ಈ ಎರಡನ್ನೂ ಪಕ್ಕಪಕ್ಕ ಇಡುತ್ತದೆ, ಹೋಲಿಸುವುದಿಲ್ಲ.

ಮನೆಗೆಲಸಕ್ಕೆ ಬಂದ ಡಿಲೈಲಾ ತನ್ನ ಮಗಳು ಪಿಯೋಲಾಳನ್ನೂ ಕರೆತರುತ್ತಾಳೆ. ಅವಳ ಕೈಯ ವಾಫಲ್, ಸಿಹಿತಿಂಡಿ, ಟೋಪಿ ತೊಟ್ಟ ಅವಳ ನಗುಮುಖದ ಚಿತ್ರ, ಇವಿಷ್ಟೇ ಬಂಡವಾಳ. ಅದರ ಮೇಲೆ ಊರೂರಲ್ಲಿ ಹೋಟೆಲು ಏಳುತ್ತವೆ. ಡಿಲೈಲಾ ಬಯಸುವುದು ತನ್ನ ಹೆಣಕ್ಕೆ ಒಂದು ಭರ್ಜರಿ ಮೆರವಣಿಗೆ ಮಾತ್ರ. ಪಿಯೋಲಾ ಸಿಯಾಟಲ್‌ಗೆ ಹೋಗಿ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಾಳೆ, ಬಿಳಿಯ ಯುವಕನನ್ನು ಮೆಚ್ಚುತ್ತಾಳೆ. ಹುಟ್ಟುವ ಮಗುವಿನ ಬಣ್ಣ ಗುಟ್ಟನ್ನು ಬಿಟ್ಟುಕೊಟ್ಟೀತೆಂದು ಮಕ್ಕಳೇ ಆಗದಂತೆ ಆಪರೇಷನ್ ಮಾಡಿಸಿಕೊಳ್ಳುತ್ತಾಳೆ. ಮನೆಗೆ ಬಂದು, ಇನ್ನೆಂದಾದರೂ ಬೀದಿಯಲ್ಲಿ ಎದುರಾದರೆ ಗುರುತು ಹಿಡಿಯಬೇಡಿ ಎಂದು ಮಾತು ಪಡೆಯುತ್ತಾಳೆ. ಗಂಡನೊಂದಿಗೆ ಬೊಲಿವಿಯಾಕ್ಕೆ ಹೊರಟವಳು ಮತ್ತೆ ಬರುವುದೇ ಇಲ್ಲ. ಹರ್ಸ್ಟ್ ಗದ್ಯ ಅಲ್ಲಲ್ಲಿ ಜೋಲುತ್ತದೆ, ಡಿಲೈಲಾಳ ಬಾಯಲ್ಲಿ ಇಟ್ಟ ಮಾತು ಓದಲು ಮುಜುಗರವಾಗುತ್ತದೆ. ಆದರೆ ಪಿಯೋಲಾಳ ಈ ಕಠಿಣ ನಿರ್ಧಾರದ ಮುಂದೆ ಲೇಖಕಿ ಹಿಂಜರಿಯಲಿಲ್ಲ. ಕಾದಂಬರಿಯನ್ನು ಇವತ್ತಿಗೂ ಎತ್ತಿ ನಿಲ್ಲಿಸಿರುವುದು ಅದೊಂದೇ ಎಂದು ನನ್ನ ಲೆಕ್ಕ.

ಪಿಯೋಲಾಳ ಭಯಕ್ಕೆ ಕಾನೂನಿನ ಬೆನ್ನೆಲುಬು ಇತ್ತು. ಎಂಟರಲ್ಲೊಂದು ಭಾಗ ಮಾತ್ರ ಕಪ್ಪು ರಕ್ತವಿದ್ದ ಹೋಮರ್ ಪ್ಲೆಸ್ಸಿ ಬಿಳಿಯರ ಬೋಗಿಯಲ್ಲಿ ಕೂತದ್ದು ತಪ್ಪೆಂಬುದನ್ನು ಅಮೆರಿಕದ ಸುಪ್ರೀಂ ಕೋರ್ಟ್ 1896ರಲ್ಲಿ ಎತ್ತಿಹಿಡಿದಿತ್ತು. ವರ್ಜೀನಿಯಾ 1924ರಲ್ಲಿ ಮಾಡಿದ ಜನಾಂಗ ಶುದ್ಧಿಯ ಕಾಯ್ದೆ ಬಿಳಿಯರು ಬೇರೆಯವರನ್ನು ಮದುವೆಯಾಗುವುದನ್ನು ಅಪರಾಧವಾಗಿಸಿತು. ಅಂಥ ಕಾಯ್ದೆಗಳು ದೇಶಾದ್ಯಂತ ಬಿದ್ದುಹೋದದ್ದು 1967ರ ಲವಿಂಗ್ ಮೊಕದ್ದಮೆಯ ತೀರ್ಪಿನಲ್ಲಿ.

ಕಾದಂಬರಿ ಹಾಲಿವುಡ್ಡಿಗೆ ಹೋದಾಗ ಸರಿಯಾಗಿ ಸೆನ್ಸಾರ್ ಬಿಗಿಯಾಗುತ್ತಿತ್ತು. ಚಿತ್ರೋದ್ಯಮವೇ ಮಾಡಿಕೊಂಡ ನಿಯಮಾವಳಿಯಲ್ಲಿ ಕಪ್ಪು-ಬಿಳಿ ಜನಾಂಗಗಳ ಲೈಂಗಿಕ ಸಂಬಂಧವನ್ನು ತೋರಿಸುವಂತಿರಲಿಲ್ಲ. 1934ರಲ್ಲಿ ಅದರ ಜಾರಿ ಜೋಸೆಫ್ ಬ್ರೀನ್ ಕೈಗೆ ಬಂತು. ಬ್ರೀನ್ ಕಚೇರಿಯ ತಕರಾರು ವಿಚಿತ್ರವಾದದ್ದು. ತೆರೆಯ ಮೇಲೆ ಅಂಥ ಸಂಬಂಧವೇನೂ ಇರಲಿಲ್ಲ. ಆದರೆ ಹುಡುಗಿಯ ಬಿಳಿ ಮುಖವೇ ಹಿಂದೆಂದೋ ನಡೆದ ಸಂಬಂಧಕ್ಕೆ ಸಾಕ್ಷಿಯಲ್ಲವೇ? ಅದಕ್ಕೇ ಚಿತ್ರದಲ್ಲಿ ಡಿಲೈಲಾ ಮಗಳ ತಂದೆಯೂ ತೀರಾ ತಿಳಿಬಣ್ಣದ ಕಪ್ಪು ಜನಾಂಗದವನೇ ಎಂದು ಹೇಳಿಬಿಡುತ್ತಾಳೆ. ಬಿಳಿಯನ ಜೊತೆ ಪಿಯೋಲಾಳ ಮದುವೆ, ಆಪರೇಷನ್, ಬೊಲಿವಿಯಾ ಎಲ್ಲವೂ ಹೋದವು. ಕೊನೆಯ ದೃಶ್ಯಗಳಲ್ಲಿ ಪಿಯೋಲಾ ಓಡಿಬಂದು ತಾಯಿಯ ಶವಪೆಟ್ಟಿಗೆಯ ಮುಂದೆ ಅಳುತ್ತಾಳೆ, ಆಮೇಲೆ ಕಪ್ಪು ವಿದ್ಯಾರ್ಥಿಗಳ ಕಾಲೇಜಿಗೆ ಮರಳಲು ಒಪ್ಪುತ್ತಾಳೆ. ಕಾದಂಬರಿ ಕಳಿಸಿಕೊಟ್ಟವಳನ್ನು ಸಿನಿಮಾ ಹಿಡಿದು ತಂದಿತು.

ಅದೇ ಸಿನಿಮಾ ಹಣದ ಲೆಕ್ಕವನ್ನು ಮಾತ್ರ ಮುಚ್ಚಿಡಲಿಲ್ಲ. ವಾಫಲ್ ಇಲ್ಲಿ ಪ್ಯಾನ್‌ಕೇಕ್ ಆಗಿದೆ. ಕಾವಲಿಯ ಮೇಲೆ ಹಿಟ್ಟು ಹುಯ್ದು ಮಗುಚುವ ಡಿಲೈಲಾಳ ಕೈಗೆ ಮನೆತನದ ಗುಟ್ಟೊಂದು ಬಂದಿದೆ. ಹಸಿದು ಬಂದ ಎಲ್ಮರ್ ಎಂಬವನು ಪುಕ್ಕಟೆ ತಿಂದು, ಹಿಟ್ಟನ್ನು ಡಬ್ಬಿಗೆ ತುಂಬಿ ಮಾರಿ ಎಂದು ಸಲಹೆ ಕೊಟ್ಟು ಕಂಪನಿಯೊಳಗೇ ಸೇರಿಕೊಳ್ಳುತ್ತಾನೆ. ಡಿಲೈಲಾಗೆ ಬಿಯಾ ಹೇಳುವ ಪಾಲು ನೂರಕ್ಕೆ 20. ನಿನ್ನದೇ ಕಾರು, ನಿನ್ನದೇ ಮನೆ ಎಂದಾಗ ಡಿಲೈಲಾ ಹೆದರುತ್ತಾಳೆ. ನನ್ನನ್ನು ಕಳಿಸಿಬಿಡುತ್ತೀರಾ ಎನ್ನುತ್ತಾಳೆ. ರೆಸಿಪಿ ಅವಳದು, ಮುಖ ಅವಳದು, ಕೈ ಅವಳದು, ಆದರೂ 20. ಅದನ್ನೂ ಬೇಡವೆನ್ನುತ್ತಾಳೆ. ಮುಂದೆ ನ್ಯೂಯಾರ್ಕಿನ ಮನೆಯಲ್ಲಿ ರಾತ್ರಿ ಇಬ್ಬರೂ ಗುಡ್‌ನೈಟ್ ಹೇಳಿಕೊಂಡು ಹೊರಡುವ ದೃಶ್ಯವಿದೆ. ಬಿಯಾ ಮೆಟ್ಟಿಲು ಹತ್ತುತ್ತಾಳೆ, ಡಿಲೈಲಾ ಮೆಟ್ಟಿಲು ಇಳಿಯುತ್ತಾಳೆ. ಕ್ಯಾಮೆರಾ ಇಬ್ಬರನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿದು ಸುಮ್ಮನಿರುತ್ತದೆ. ಸ್ಟಾಲ್ ಇದನ್ನು ಟೀಕೆಯೆಂದೇ ಇಟ್ಟರೋ ಮನೆಯ ಸಹಜ ವ್ಯವಸ್ಥೆಯೆಂದು ಇಟ್ಟರೋ, ನೋಡುವವರಿಗೆ ಲೆಕ್ಕ ಸಿಗುತ್ತದೆ.

ಡಿಲೈಲಾಳ ಈ ನಗುಮುಖ ಗಾಳಿಯಲ್ಲಿ ಹುಟ್ಟಿದ್ದಲ್ಲ. ಪ್ಯಾನ್‌ಕೇಕ್ ಹಿಟ್ಟಿನ ‘ಆಂಟ್ ಜೆಮೈಮಾ’ ಬ್ರ್ಯಾಂಡಿಗಾಗಿ, ಗುಲಾಮಗಿರಿಯಲ್ಲಿ ಹುಟ್ಟಿದ ನ್ಯಾನ್ಸಿ ಗ್ರೀನ್ 1893ರ ಷಿಕಾಗೋ ವಿಶ್ವಮೇಳದಲ್ಲಿ ನಗುತ್ತಾ ಹಿಟ್ಟು ಹುಯ್ದಿದ್ದರು. ಆ ಹೆಸರು ಪೊಟ್ಟಣದಿಂದ ಹೋದದ್ದು 2021ರಲ್ಲಿ.

ನಟಿಯರ ಕಥೆ ಸಿನಿಮಾಕ್ಕಿಂತ ಕಹಿ. ಪಿಯೋಲಾ ಪಾತ್ರ ಮಾಡಿದ ಫ್ರೆಡಿ ವಾಷಿಂಗ್ಟನ್ ನಿಜವಾಗಿಯೂ ಕಪ್ಪು ಜನಾಂಗದವರು, ನೋಡಲು ಬಿಳಿಯರಂತೆ. 1933ರ ‘ದಿ ಎಂಪರರ್ ಜೋನ್ಸ್’ ಚಿತ್ರದಲ್ಲಿ ಅವರ ಮುಖಕ್ಕೆ ಕಪ್ಪು ಬಣ್ಣ ಬಳಿದಿದ್ದರು. ಕಪ್ಪು ನಟ ಪಾಲ್ ರಾಬ್ಸನ್ ಜೊತೆ ಬಿಳಿಯ ಹೆಂಗಸು ಇದ್ದಾಳೆಂದು ಯಾರಾದರೂ ತಿಳಿದಾರು ಎಂಬ ದಿಗಿಲು. ಮರುವರ್ಷವೇ ಅದೇ ಮುಖ ಬಿಳಿಯಾಗಿದೆ ಎಂಬ ಕಾರಣಕ್ಕೆ ಪಾತ್ರ ಸಿಕ್ಕಿತು. ನಿಜಜೀವನದಲ್ಲಿ ಬಿಳಿಯಳೆಂದು ಹೇಳಿಕೊಳ್ಳಲು ಅವರು ಒಪ್ಪಲಿಲ್ಲ. 1937ರಲ್ಲಿ ನೀಗ್ರೋ ಆ್ಯಕ್ಟರ್ಸ್ ಗಿಲ್ಡ್ ಕಟ್ಟಿದವರಲ್ಲಿ ಒಬ್ಬರಾದರು. ಹಾಲಿವುಡ್ಡಿನಲ್ಲಿ ಅವರಿಗೆ ಹೇಳಿಕೊಳ್ಳುವಂಥ ಪಾತ್ರಗಳು ಆಮೇಲೆ ಹೆಚ್ಚು ಬರಲಿಲ್ಲ. ಡಿಲೈಲಾ ಆದ ಲೂಯಿಸ್ ಬೀವರ್ಸ್ ಅವರ ಹೆಸರು ಆಸ್ಕರ್ ಪಟ್ಟಿಯಲ್ಲಿ ಇರಲಿಲ್ಲ. ಪೋಷಕ ನಟಿಗೆ ಪ್ರಶಸ್ತಿ ಎಂಬ ವಿಭಾಗವೇ ಆಗಿನ್ನೂ ಹುಟ್ಟಿರಲಿಲ್ಲ. ಚಿತ್ರ ಮಾತ್ರ ಶ್ರೇಷ್ಠ ಚಿತ್ರದ ಸ್ಪರ್ಧೆಯಲ್ಲಿತ್ತು.

ಕಪ್ಪು ಬರಹಗಾರರು ಸುಮ್ಮನಿರಲಿಲ್ಲ. ಕವಿ ಸ್ಟರ್ಲಿಂಗ್ ಬ್ರೌನ್ 1935ರಲ್ಲಿ, ಹರ್ಸ್ಟ್ ಹಿಂದೆ ತೀರ್ಪುಗಾರರಾಗಿದ್ದ ಅದೇ ‘ಆಪರ್ಚುನಿಟಿ’ಯಲ್ಲಿ ಕಾದಂಬರಿಯನ್ನೂ ಸಿನಿಮಾವನ್ನೂ ಜಾಡಿಸಿದರು. ತೃಪ್ತ ಮನೆಗೆಲಸದಾಕೆ, ಕೊರಗುವ ಮಿಶ್ರರಕ್ತದ ಹುಡುಗಿ, ಎರಡೂ ಹಳೆಯ ಅಚ್ಚುಗಳೇ ಎಂಬುದು ಅವರ ವಾದ. ಹರ್ಸ್ಟ್ ನೊಂದು ಉತ್ತರ ಬರೆದರು. 1938ರಲ್ಲಿ ಲ್ಯಾಂಗ್‌ಸ್ಟನ್ ಹ್ಯೂಸ್ ‘ಲಿಮಿಟೇಷನ್ಸ್ ಆಫ್ ಲೈಫ್’ ಎಂಬ ಪುಟ್ಟ ಅಣಕು ನಾಟಕದಲ್ಲಿ ಪಾತ್ರಗಳನ್ನು ತಲೆಕೆಳಗು ಮಾಡಿದರು. ಅಲ್ಲಿ ಬಿಳಿಯಳು ಕೆಲಸದವಳು, ಕಪ್ಪು ಹೆಂಗಸು ಯಜಮಾನಿ. ಬ್ರೌನ್ ಉದ್ದಕ್ಕೆ ವಾದಿಸಿದ್ದನ್ನು ಹ್ಯೂಸ್ ಒಂದು ಅದಲುಬದಲಿನಲ್ಲಿ ಮುಗಿಸಿದರು.

1959ರ ಚಿತ್ರಕ್ಕೆ ಬರೋಣ. ನಿರ್ಮಾಪಕ ರಾಸ್ ಹಂಟರ್, ನಾಯಕಿ ಲಾನಾ ಟರ್ನರ್. ಶೀರ್ಷಿಕೆಯ ಹಿಂದೆ ಹರಳುಗಳು ಒಂದೊಂದಾಗಿ ಬೀಳುತ್ತಾ ತೆರೆಯನ್ನೇ ತುಂಬುತ್ತವೆ. ಹೆಸರುಗಳೂ ಬದಲಾಗಿವೆ: ಬಿಯಾ ಈಗ ಲೋರಾ, ಡಿಲೈಲಾ ಈಗ ಆನಿ, ಪಿಯೋಲಾ ಈಗ ಸಾರಾ ಜೇನ್. ದೊಡ್ಡ ಬದಲಾವಣೆ ಇನ್ನೊಂದಿದೆ. ಲೋರಾ ವ್ಯಾಪಾರಿಯಲ್ಲ, ರಂಗನಟಿ. ಅವಳ ಸಿರಿ ಅವಳ ಸ್ವಂತ ಪ್ರತಿಭೆಯಿಂದ ಬಂದದ್ದು. ಪ್ಯಾನ್‌ಕೇಕ್ ಇಲ್ಲ, ರೆಸಿಪಿ ಇಲ್ಲ, ಆನಿಗೆ ಬರಬೇಕಾದ ಪಾಲೂ ಇಲ್ಲ. 1934ರ ಚಿತ್ರ 20 ಎಂದಾದರೂ ಬರೆದಿತ್ತು, 1959 ಆ ಲೆಕ್ಕದ ಪುಸ್ತಕವನ್ನೇ ಹರಿದು ಹಾಕಿತು. ಮಾಂಟ್‌ಗೊಮೆರಿಯಲ್ಲಿ ಕಪ್ಪು ಜನರು ನಡೆಸಿದ ಬಸ್ ಬಹಿಷ್ಕಾರ ಮುಗಿದು ಮೂರು ವರ್ಷವೂ ಆಗಿರದ ಹೊತ್ತಿನಲ್ಲಿ ಇದು ನಡೆಯಿತೆಂಬುದನ್ನು ಮರೆಯುವಂತಿಲ್ಲ.

ಆದರೂ ಎರಡರಲ್ಲಿ ದೊಡ್ಡ ಚಿತ್ರ ಸರ್ಕ್ ಮಾಡಿದ್ದೇ. ಅವರು ಲೋರಾಳ ಹೊಳಪನ್ನು ಹೊಳಪಾಗಿಯೇ ಬಿಟ್ಟು, ಜೀವವನ್ನೆಲ್ಲ ಆನಿ ಮತ್ತು ಸಾರಾ ಜೇನ್ ಕಡೆ ಹರಿಸಿದರು. ಲೋರಾಳ ಅತಿಥಿಗಳ ಮುಂದೆ ಸಾರಾ ಜೇನ್ ತಟ್ಟೆಯನ್ನು ತಲೆಯ ಮೇಲೆ ಹೊತ್ತು, ಹಳೆಯ ತೋಟದ ಆಳಿನ ರಾಗ ಎಳೆಯುತ್ತಾ ಬರುತ್ತಾಳೆ. ನೀವು ನನ್ನಲ್ಲಿ ನೋಡುವುದು ಇದನ್ನೇ ತಾನೇ, ನೋಡಿಕೊಳ್ಳಿ ಎಂಬಂತೆ. ನಿನಗೆ ಇಷ್ಟೊಂದು ಸ್ನೇಹಿತರಿದ್ದಾರೆಂದು ಗೊತ್ತೇ ಇರಲಿಲ್ಲ ಎಂದು ಲೋರಾ ಬೆರಗಾದಾಗ, ನೀವು ಕೇಳಲೇ ಇಲ್ಲವಲ್ಲ ಎಂದು ಆನಿ ತಣ್ಣಗೆ ಹೇಳುತ್ತಾಳೆ. ಮೋಟೆಲ್ ಕೋಣೆಯ ದೃಶ್ಯವಂತೂ ಎದೆ ಹಿಂಡುತ್ತದೆ. ಕುಣಿತದ ಹುಡುಗಿಯಾಗಿ ಬೇರೆ ಹೆಸರಿನಲ್ಲಿ ಬದುಕುತ್ತಿರುವ ಮಗಳನ್ನು ಕೊನೆಯ ಸಲ ನೋಡಲು ಆನಿ ಬಂದಿದ್ದಾಳೆ. ಜೊತೆಗಾತಿ ಒಳಗೆ ಬಂದಾಗ, ಇವಳನ್ನು ಚಿಕ್ಕಂದಿನಲ್ಲಿ ಸಾಕಿದ ಆಯಾ ನಾನು ಎಂದು ಆನಿಯೇ ಹೇಳಿಕೊಳ್ಳುತ್ತಾಳೆ. ಮಗಳ ಸುಳ್ಳನ್ನು ಕಾಯಲು ತಾಯಿಯೂ ಪಾತ್ರ ಕಟ್ಟುತ್ತಾಳೆ. ಆ ಮನೆಯಲ್ಲಿ ನಟಿಯೆಂದು ಹೆಸರಾದವಳು ಲೋರಾ, ಆದರೆ ನಿಜವಾದ ನಟನೆ ಈ ಕೋಣೆಯಲ್ಲಿ ನಡೆಯಿತು.

ಸರ್ಕ್ ಹ್ಯಾಂಬರ್ಗ್‌ನವರು. ಮೊದಲ ಹೆಂಡತಿ ನಾಜಿ ಪಕ್ಷ ಸೇರಿದಳು, ಎರಡನೆಯ ಹೆಂಡತಿ ಯಹೂದಿ. ಯಹೂದಿಯನ್ನು ಮದುವೆಯಾದವನೆಂದು ಮೊದಲ ಹೆಂಡತಿಯ ಮಗನನ್ನು ನೋಡಲು ಅವರಿಗೆ ಕಾನೂನು ಬಿಡಲಿಲ್ಲ. ಮಗ ಜರ್ಮನ್ ಸಿನಿಮಾಗಳಲ್ಲಿ ಬಾಲನಟನಾದ, ತಂದೆ ಮಗನನ್ನು ನೋಡಬೇಕೆಂದರೆ ತೆರೆಯ ಮೇಲೆ ನೋಡಬೇಕಿತ್ತು. 1937ರಲ್ಲಿ ಸರ್ಕ್ ದೇಶ ಬಿಟ್ಟರು. 1944ರಲ್ಲಿ ಮಗ ಪೂರ್ವ ರಣರಂಗದಲ್ಲಿ ಸತ್ತ. ಬದುಕನ್ನು ಕಲೆಗೆ ನೇರ ಗಂಟುಹಾಕುವ ವಿಮರ್ಶೆ ನನಗೆ ಹಿಡಿಸುವುದಿಲ್ಲ. ಆದರೆ ಇದು ತಿಳಿದ ಮೇಲೆ, ರಾತ್ರಿ ಕ್ಲಬ್ಬಿನಲ್ಲಿ ದೂರ ನಿಂತು ವೇದಿಕೆಯ ಮೇಲಿನ ಮಗಳನ್ನು ಆನಿ ನೋಡುವ ಪರಿ ಬೇರೆಯೇ ಕಾಣುತ್ತದೆ.

ಸಾರಾ ಜೇನ್ ಆಗಿ ನಟಿಸಿದ ಸೂಸನ್ ಕೋನರ್ ಕಪ್ಪು ಜನಾಂಗದವರಲ್ಲ. ತಾಯಿ ಮೆಕ್ಸಿಕೋದ ನಟಿ ಲುಪಿತಾ ತೋವಾರ್, ತಂದೆ ಯಹೂದಿ. ಈ ಲೆಕ್ಕದಲ್ಲಿ 1934 ಮುಂದಿತ್ತು, 1959 ಹಿಂದೆ ಹೋಯಿತು. ಕೋನರ್, ಆನಿಯಾದ ವಾನೀಟಾ ಮೂರ್ ಇಬ್ಬರೂ ಪೋಷಕ ನಟಿಯ ಆಸ್ಕರ್‌ಗೆ ನಾಮನಿರ್ದೇಶನಗೊಂಡರು, ಪ್ರಶಸ್ತಿ ಶೆಲಿ ವಿಂಟರ್ಸ್‌ಗೆ ಹೋಯಿತು. ಆನಿಯ ಶವಯಾತ್ರೆಗೆ ಮುನ್ನ ಚರ್ಚಿನಲ್ಲಿ ಮಹೇಲಿಯಾ ಜಾಕ್ಸನ್ ಹಾಡುತ್ತಾರೆ. ಬಿಳಿ ಕುದುರೆಗಳ ಗಾಡಿ ಹೊರಡುತ್ತದೆ, ಸಾರಾ ಜೇನ್ ಜನರನ್ನು ಸೀಳಿಕೊಂಡು ಬಂದು ಪೆಟ್ಟಿಗೆಯ ಮೇಲೆ ಬೀಳುತ್ತಾಳೆ. ಥಿಯೇಟರುಗಳು ತುಂಬಿದವು. ಸರ್ಕ್ ಹಾಲಿವುಡ್ಡಿಗೆ ಬೆನ್ನು ತಿರುಗಿಸಿ ಸ್ವಿಟ್ಜರ್‌ಲ್ಯಾಂಡಿಗೆ ಹೋದರು.

ಟೋನಿ ಮಾರಿಸನ್ ಅವರ ‘ದಿ ಬ್ಲೂಯೆಸ್ಟ್ ಐ’ (1970) ಕಾದಂಬರಿಯ ಹುಡುಗಿಯ ಹೆಸರು ಪೆಕೋಲಾ. ಆ ಸಿನಿಮಾದ ಹುಡುಗಿಯ ಹೆಸರೇ ಅಲ್ಲವೇ ಇದು ಎಂದು ಓರಗೆಯವಳೊಬ್ಬಳು ಅವಳನ್ನು ಕೇಳುತ್ತಾಳೆ. ಇಂಗ್ಲಿಷಿನಲ್ಲಿ ಬರೆದರೆ ಎರಡು ಹೆಸರುಗಳ ನಡುವೆ ಒಂದೇ ಒಂದು ಅಕ್ಷರದ ಅಂತರ. ಪಿಯೋಲಾ ದಾಟಬಲ್ಲವಳು, ಪೆಕೋಲಾ ನೀಲಿ ಕಣ್ಣಿಗಾಗಿ ಹಂಬಲಿಸಿ ಬುದ್ಧಿ ಕಳೆದುಕೊಳ್ಳುವವಳು. ಹರ್ಸ್ಟ್ ಕಾದಂಬರಿಗೆ ಬಂದ ಅತಿ ಗಟ್ಟಿ ವಿಮರ್ಶೆ ನನ್ನ ಮಟ್ಟಿಗೆ ಈ ಒಂದು ಅಕ್ಷರ.

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ಚಲನಚಿತ್ರ ದಾಖಲೆಗೆ 1934ರ ಚಿತ್ರ 2005ರಲ್ಲಿ, 1959ರ ಚಿತ್ರ 2015ರಲ್ಲಿ ಸೇರಿದವು. ಕಾದಂಬರಿಯನ್ನು 2004ರಲ್ಲಿ ಡ್ಯೂಕ್ ಯೂನಿವರ್ಸಿಟಿ ಪ್ರೆಸ್ ಮರುಮುದ್ರಿಸಿತು. ಸಿನಿಮಾ ನೋಡಿದವರು ಬಹಳ, ಪುಸ್ತಕ ಓದಿದವರು ಕಡಿಮೆ. ಆಸಕ್ತರು ಮೊದಲು ಪುಸ್ತಕ ಓದಿ, ಆಮೇಲೆ ಎರಡು ಚಿತ್ರಗಳನ್ನು ಬಂದ ಕ್ರಮದಲ್ಲೇ ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ಪುಸ್ತಕದ ಶವಯಾತ್ರೆಯಲ್ಲಿ ಪಿಯೋಲಾ ಇಲ್ಲ.