ದವಾಖಾನೆಗೆ ಅಂಕ ಕೊಡುವವರು

ಸರ್ಕಾರಿ ದವಾಖಾನೆ ಹೇಗಿದೆ ಎಂದು ಗಜೇಂದ್ರಗಡ ಸೀಮೆಯ ಲಕ್ಕಲಕಟ್ಟಿಯಲ್ಲೋ ರೋಣದಲ್ಲೋ ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಎರಡೇ ಬಗೆಯದು: ‘ಚಲೋ ಐತಿ’, ಇಲ್ಲವೇ ‘ಅದರ ಸುದ್ದಿ ಬ್ಯಾಡ’. ಈ ಎರಡರ ನಡುವಿನ ಸ್ಥಿತಿಯನ್ನು ಅಳೆದು ಅಂಕ ಕೊಡುವ ವ್ಯವಸ್ಥೆಯೊಂದು ಕಳೆದ ಇಪ್ಪತ್ತು ವರ್ಷಗಳಲ್ಲಿ ನಮ್ಮಲ್ಲಿ ಬೆಳೆದಿದೆ. ಅಳೆಯಲು ಬರುವವರು ಹೆಚ್ಚಾಗಿ ಬೇರೆಡೆ ಇಂಥದೇ ಕೆಲಸದಲ್ಲಿರುವ ವೈದ್ಯರು, ನರ್ಸುಗಳು, ಆಸ್ಪತ್ರೆ ಆಡಳಿತಗಾರರು.

ಈ ಪದ್ಧತಿಯ ಮೂಲ ಅಮೆರಿಕದಲ್ಲಿದೆ. ಅಲ್ಲಿನ ಶಸ್ತ್ರವೈದ್ಯರ ಸಂಘ 1918ರಲ್ಲಿ ನೂರು ಹಾಸಿಗೆ ಮೀರಿದ 692 ಆಸ್ಪತ್ರೆಗಳನ್ನು ಪರಿಶೀಲಿಸಿತು. ಕನಿಷ್ಠ ಮಟ್ಟ ಮುಟ್ಟಿದ್ದು 89 ಮಾತ್ರ. ಹೆಸರಾಂತ ಆಸ್ಪತ್ರೆಗಳೂ ಬಿದ್ದಿದ್ದವು. ಪಟ್ಟಿ ಪತ್ರಿಕೆಯವರ ಕೈಗೆ ಸಿಗಬಾರದೆಂದು ಅದನ್ನು ನ್ಯೂಯಾರ್ಕಿನ ಹೋಟೆಲೊಂದರ ಕುಲುಮೆಯಲ್ಲಿ ಸುಟ್ಟರು. ಅಂಕಪಟ್ಟಿಯನ್ನು ಜನರಿಂದ ಮರೆಮಾಡುವ ಚಾಳಿ ಅಂಕದಷ್ಟೇ ಹಳೆಯದು ಎನ್ನಬೇಕು. 1951ರಲ್ಲಿ ಅಲ್ಲಿ ಆಸ್ಪತ್ರೆಗಳ ಮಾನ್ಯತೆಗೆಂದೇ ಜಂಟಿ ಆಯೋಗ ಬಂತು. ಸಾರ್ವಜನಿಕ ಆರೋಗ್ಯ ಇಲಾಖೆಗಳ ಸರದಿ ಬಹಳ ತಡವಾಗಿ ಬಂತು: 2007ರಲ್ಲಿ ಒಂದು ಮಾನ್ಯತಾ ಮಂಡಳಿ ಹುಟ್ಟಿತು, 2013ರಲ್ಲಿ ಮೊದಲ 11 ಇಲಾಖೆಗಳು ಮಾನ್ಯತೆ ಪಡೆದವು. ಒಂದು ಇಲಾಖೆಯನ್ನು ನೋಡಲು ಹೋಗುವವರು ಇನ್ನೊಂದು ಇಲಾಖೆಯ ಅನುಭವಿ ಸಿಬ್ಬಂದಿ, ಅದೂ ಸ್ವಯಂಸೇವಕರಾಗಿ. ಊರಿಗೆ ಮರಳುವಾಗ ಪರರ ಒಳ್ಳೆಯ ರೂಢಿಗಳನ್ನು ಕಲಿತು ಬರುತ್ತಾರೆ ಎಂಬುದೇ ಅವರ ಸಂಪಾದನೆ.

ನಮ್ಮಲ್ಲಿ 1946ರ ಭೋರ್ ಸಮಿತಿ ಪ್ರಾಥಮಿಕ ಆರೋಗ್ಯ ಕೇಂದ್ರದ ಕಲ್ಪನೆ ಕೊಟ್ಟಿತು. ಆಮೇಲೆ ದಶಕಗಳ ಕಾಲ ಅಳತೆ ಎಂದರೆ ಎಣಿಕೆ. ಕಟ್ಟಡ ಇದೆಯೇ, ಹಾಸಿಗೆ ಎಷ್ಟು, ಹುದ್ದೆ ಎಷ್ಟು ಖಾಲಿ. ತಪಾಸಣೆ ಎಂದರೆ ಸಾಹೇಬರ ಭೇಟಿ. ಹಿಂದಿನ ದಿನ ಫಿನಾಯಿಲು, ಮರುದಿನ ಎಂದಿನಂತೆ. ಕರ್ನಾಟಕದಲ್ಲಿ ಈ ಜಡತೆಯನ್ನು ಅಲುಗಿಸಿದ ಹೆಸರು ಡಾ. ಎಚ್. ಸುದರ್ಶನ್ ಅವರದು. ಅವರ ಅಧ್ಯಕ್ಷತೆಯ ಆರೋಗ್ಯ ಕಾರ್ಯಪಡೆ 2001ರ ವರದಿಯಲ್ಲಿ ಗುಣಮಟ್ಟದ ಜೊತೆಗೆ ಪ್ರಾಮಾಣಿಕತೆಯ ಪ್ರಶ್ನೆಯನ್ನೂ ಎತ್ತಿತು. ಬಳಿಕ ಅವರು ಲೋಕಾಯುಕ್ತದಲ್ಲಿ ಆರೋಗ್ಯ ವಿಭಾಗದ ಜಾಗೃತ ನಿರ್ದೇಶಕರಾಗಿ ಆಸ್ಪತ್ರೆಗಳ ಒಳಹೊಕ್ಕು ನೋಡಿದರು.

2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನ, 2007ರಲ್ಲಿ ಯಾವ ಕೇಂದ್ರದಲ್ಲಿ ಏನಿರಬೇಕು ಎಂದು ಹೇಳುವ ಭಾರತೀಯ ಸಾರ್ವಜನಿಕ ಆರೋಗ್ಯ ಮಾನದಂಡಗಳು ಬಂದವು. ನಮ್ಮ ಸೀಮೆಗೆ ಮುಖ್ಯವಾದ ಅಧ್ಯಾಯ ಇದೇ ಹೊತ್ತಿನದು. ಸಮುದಾಯವೇ ಸೇವೆಯನ್ನು ಅಳೆಯುವ ಪ್ರಯೋಗಕ್ಕೆ ದೇಶದ ಒಂಬತ್ತು ರಾಜ್ಯಗಳನ್ನು ಆರಿಸಿದಾಗ ಕರ್ನಾಟಕದಿಂದ ಆಯ್ಕೆಯಾದ ಜಿಲ್ಲೆಗಳಲ್ಲಿ ನಮ್ಮ ಗದಗವೂ ಇತ್ತು. ಊರಿನ ಆರೋಗ್ಯ ಸಮಿತಿಯವರು ಹೆರಿಗೆ, ಲಸಿಕೆ, ಔಷಧ, ಸಿಬ್ಬಂದಿಯ ನಡವಳಿಕೆ ಒಂದೊಂದಕ್ಕೂ ಹಸಿರು, ಹಳದಿ, ಕೆಂಪು ಬಣ್ಣ ಕೊಟ್ಟು ಕಾರ್ಡು ತುಂಬುತ್ತಿದ್ದರು. ಓದು ಬಾರದ ಅವ್ವನಿಗೂ ಕೆಂಪು ತಿಳಿಯುತ್ತದೆ. ಆ ಕಾರ್ಡುಗಳನ್ನು ಜನಸಂವಾದದಲ್ಲಿ ವೈದ್ಯರ ಎದುರೇ ಓದುವುದು ಕ್ರಮ. ಪ್ರಯೋಗದ ಅವಧಿ ಮುಗಿದ ಮೇಲೆ ಆ ಹುರುಪು ಉಳಿಯಲಿಲ್ಲ.

2013ರಲ್ಲಿ ಬಂದದ್ದು ರಾಷ್ಟ್ರೀಯ ಗುಣಮಟ್ಟ ಖಾತರಿ ಮಾನದಂಡಗಳು, ಇಲಾಖೆಯವರ ಬಾಯಲ್ಲಿ ‘ಎನ್‌ಕ್ವಾಸ್’. ಇದರ ಬಾಹ್ಯ ಮೌಲ್ಯಮಾಪಕರಾಗಲು 5 ದಿನದ ತರಬೇತಿ ಮುಗಿಸಿ ಪರೀಕ್ಷೆ ಪಾಸಾಗಬೇಕು. ರಾಷ್ಟ್ರಮಟ್ಟದ ಮೌಲ್ಯಮಾಪನಕ್ಕೆ ಹೊರರಾಜ್ಯದವರನ್ನು ಕಳಿಸುತ್ತಾರೆ, ಪರಿಚಯದ ಮುಲಾಜು ಬೇಡವೆಂದು. ಅಮೆರಿಕದಷ್ಟು ಅಪ್ಪಟ ಸ್ವಯಂಸೇವೆ ಇದಲ್ಲ; ಗೌರವಧನ, ಪ್ರಯಾಣ ವೆಚ್ಚ ಉಂಟು. ಆದರೂ ತಮ್ಮ ಆಸ್ಪತ್ರೆಯ ಕೆಲಸ ಬದಿಗಿಟ್ಟು ದೂರದ ಊರಿನ ದವಾಖಾನೆಯ ಕಸದ ಬುಟ್ಟಿ ಇಣುಕಿ ನೋಡಲು ಹೊರಡುವವರನ್ನು ಹಣ ಒಂದೇ ಹೊರಡಿಸುವುದಿಲ್ಲ.

ಅವರ ಕೆಲಸ ಕೂಲಂಕಷವಾದದ್ದು. ನೋಡಬೇಕು, ಸಿಬ್ಬಂದಿಯನ್ನು ಕೇಳಬೇಕು, ದಾಖಲೆ ತಿರುವಬೇಕು, ರೋಗಿಯನ್ನು ಮಾತಾಡಿಸಬೇಕು. ಲಸಿಕೆಯ ಫ್ರಿಜ್ಜಿನಲ್ಲಿ ತಾಪಮಾನ 2ರಿಂದ 8 ಡಿಗ್ರಿಯೊಳಗೆ ಇದೆಯೇ, ಪುಸ್ತಕದಲ್ಲಿ ದಿನಕ್ಕೆ ಎರಡು ಸಲ ಬರೆದಿದ್ದಾರೆಯೇ, ಇಲ್ಲ ಇಡೀ ತಿಂಗಳದ್ದು ಒಂದೇ ಪೆನ್ನಿನಲ್ಲಿ ಒಂದೇ ಸಲ ಕೂತು ಬರೆದದ್ದೇ? ತುರ್ತು ಟ್ರೇಯಲ್ಲಿ ಅವಧಿ ಮುಗಿದ ಇಂಜೆಕ್ಷನ್ ಇದೆಯೇ? ಸಿಸ್ಟರ್‌ಗೆ ಕೈ ತೊಳೆದು ತೋರಿಸಿ ಎನ್ನುತ್ತಾರೆ. ಬಾಣಂತಿಯ ಬಳಿ ಕೂತು ಯಾರಿಗಾದರೂ ರೊಕ್ಕ ಕೊಡಬೇಕಾಯಿತೇ ಎಂದು ಕೇಳುತ್ತಾರೆ. ಒಂದೊಂದು ಅಂಶಕ್ಕೂ 0, 1 ಅಥವಾ 2 ಅಂಕ. ಒಟ್ಟು ಶೇ. 70 ದಾಟುವುದು ಮಾನ್ಯತೆಯ ಮುಖ್ಯ ಷರತ್ತು. ಮೂರು ವರ್ಷದ ಬಳಿಕ ಮತ್ತೆ ಪರೀಕ್ಷೆ. ಅಂಕ ತಪ್ಪಿದ ಕಡೆಗಳನ್ನು ‘ಗ್ಯಾಪ್’ ಎನ್ನುತ್ತಾರೆ. ನನ್ನ ಮಟ್ಟಿಗೆ ಪ್ರಮಾಣಪತ್ರಕ್ಕಿಂತ ಈ ಗ್ಯಾಪುಗಳ ಪಟ್ಟಿ ಬೆಲೆಯುಳ್ಳದ್ದು.

ನೆರೆಯವರೇ ನೆರೆಯವರನ್ನು ನೋಡುವ ಕ್ರಮ 2015ರ ‘ಕಾಯಕಲ್ಪ’ ಯೋಜನೆಯಲ್ಲಿ ಬಂತು. ಸ್ವಚ್ಛತೆ, ತ್ಯಾಜ್ಯ ವಿಲೇವಾರಿ, ಸೋಂಕು ತಡೆಯ ವಿಷಯದಲ್ಲಿ ಮೊದಲು ತಾವೇ ಅಂಕ ಹಾಕಿಕೊಳ್ಳಬೇಕು, ಆಮೇಲೆ ಇನ್ನೊಂದು ಕೇಂದ್ರದವರು ಬಂದು ನೋಡುತ್ತಾರೆ, ಕೊನೆಗೆ ಹೊರಗಿನವರು. ಬಹುಮಾನದ ಹಣದಲ್ಲಿ ಕಾಲು ಭಾಗ ಸಿಬ್ಬಂದಿಗೆ, ಉಳಿದದ್ದು ಆಸ್ಪತ್ರೆಗೆ. ‘ಈ ಸಲ ನಾನು ನಿನಗೆ, ಮುಂದಿನ ಸಲ ನೀನು ನನಗೆ’ ಎಂಬ ಒಪ್ಪಂದದ ಅಪಾಯ ಇಲ್ಲಿ ಇದ್ದೇ ಇದೆ. ಆದರೆ ತ್ಯಾಜ್ಯದ ಹಳದಿ ಚೀಲ, ಕೆಂಪು ಚೀಲದ ವ್ಯತ್ಯಾಸವನ್ನು ಆಯಾಗಳಿಗೂ ಬಾಯಿಪಾಠ ಮಾಡಿಸಿದ್ದು ಇದೇ ಓಡಾಟ. ಹೆರಿಗೆ ಕೋಣೆಗೆಂದು 2017ರಲ್ಲಿ ‘ಲಕ್ಷ್ಯ’ ಬಂತು. 2024ರಲ್ಲಿ ಹಳ್ಳಿಯ ಉಪಕೇಂದ್ರಗಳನ್ನು, ಅಂದರೆ ಈಗಿನ ಆಯುಷ್ಮಾನ್ ಆರೋಗ್ಯ ಮಂದಿರಗಳನ್ನು, ವಿಡಿಯೋ ಮೂಲಕವೇ ಅಳೆಯುವ ವ್ಯವಸ್ಥೆ ಶುರುವಾಯಿತು. ಅಷ್ಟು ಉಪಕೇಂದ್ರಗಳಿಗೆ ಜನ ಕಳಿಸುವುದು ಕಷ್ಟ, ನಿಜ. ಆದರೆ ಮೊಬೈಲ್ ತಿರುಗಿಸಿದ ಕಡೆಗೆ ಮಾತ್ರ ಕ್ಯಾಮೆರಾ ನೋಡುತ್ತದೆ. ಮುಚ್ಚಿದ ಕಪಾಟನ್ನು ತೆರೆಯಲು ಮನುಷ್ಯರೇ ಬೇಕು.

ಇಷ್ಟೆಲ್ಲ ಬೆಳೆದರೂ ಎರಡು ಕೊರತೆ ಉಳಿದಿವೆ. ಅಮೆರಿಕದ ಮಂಡಳಿ ಅಳೆಯುವುದು ಇಲಾಖೆಯನ್ನು. ಎನ್‌ಕ್ವಾಸ್ ಅಳೆಯುವುದು ಆರೋಗ್ಯ ಕೇಂದ್ರವನ್ನು. ಔಷಧ ಬಾರದಿದ್ದರೆ, ಹುದ್ದೆ ತುಂಬದಿದ್ದರೆ ಅಂಕ ಹೋಗುವುದು ಕೆಳಗಿನ ಕೇಂದ್ರದ್ದು. ಔಷಧ ಕಳಿಸಬೇಕಾದ, ಹುದ್ದೆ ತುಂಬಬೇಕಾದ ಕಚೇರಿಗೆ ಅಂಕಪಟ್ಟಿಯೇ ಇಲ್ಲ. ಇನ್ನೊಂದು ನಮ್ಮದೇ ಜಿಲ್ಲೆಯ ಮರೆವು: ಊರವರೇ ಬಣ್ಣ ತುಂಬುತ್ತಿದ್ದ ಆ ಕಾರ್ಡುಗಳನ್ನು ಕೈಬಿಟ್ಟದ್ದು. ಹೊರರಾಜ್ಯದ ವೈದ್ಯರ ಕಣ್ಣಿಗೆ ಸೋಂಕು ತಡೆಯ ಲೋಪ ಬೀಳುತ್ತದೆ. ರಾತ್ರಿ ಹೊತ್ತಿನಲ್ಲಿ ಬಾಗಿಲು ತೆರೆಯುತ್ತದೆಯೇ ಎಂಬುದು ಊರವರಿಗೆ ಮಾತ್ರ ಗೊತ್ತು. ಈಗಿನ ಮೌಲ್ಯಮಾಪನದಲ್ಲಿ ರೋಗಿಯ ಮಾತಿಗೆ ಜಾಗವಿದೆ, ಊರಿನ ತೀರ್ಪಿಗಿಲ್ಲ.

ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ, ಆರೋಗ್ಯ ರಕ್ಷಾ ಸಮಿತಿಗಳನ್ನು ಸರ್ಕಾರ ರಚಿಸಿರುವುದು ಇಂಥ ಕೆಲಸಕ್ಕೂ ಸೇರಿಯೇ. ಮುಂದಿನ ಗ್ರಾಮಸಭೆಗೆ ಹೋದಾಗ ನಿಮ್ಮ ಆರೋಗ್ಯ ಕೇಂದ್ರದ ಕೊನೆಯ ಮೌಲ್ಯಮಾಪನ ಯಾವಾಗ ಆಯಿತು, ಗ್ಯಾಪುಗಳು ಯಾವುವು, ಅವುಗಳಲ್ಲಿ ಕೇಂದ್ರದ ಪಾಲೆಷ್ಟು, ಮೇಲಿನ ಕಚೇರಿಯ ಪಾಲೆಷ್ಟು ಎಂದು ಕೇಳಿ. ಪಟ್ಟಿಯನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿಸಿ, ನಡಾವಳಿಯಲ್ಲಿ ಬರೆಸಿ.