ನೆಂಟರು ಬರುವ ಮುಂಚೆ: ಕಾಸರಗೋಡಿನ ಬೇಸಿಗೆ ಮನೆಗಳ ಒಂದು ಸಣ್ಣ ಚರಿತ್ರೆ

ಚರಿತ್ರೆ ಎಂದೊಡನೆ ನಮ್ಮ ಮಕ್ಕಳು ಬೇಕಲ ಕೋಟೆ, ಕುಂಬಳೆ ಸೀಮೆಯ ಅರಸರು ಎಂದು ಉತ್ತರ ಕೊಡುತ್ತಾರೆ. ಉತ್ತರ ಸರಿಯೇ. ಆದರೆ ಪ್ರತಿ ವರ್ಷ ಮಾರ್ಚ್ ಪರೀಕ್ಷೆ ಮುಗಿಯುವ ಹೊತ್ತಿಗೆ ಅವರವರ ಮನೆಯಲ್ಲೇ ನಡೆಯುತ್ತಿದ್ದ ಒಂದು ದೊಡ್ಡ ಕೆಲಸಕ್ಕೂ ಚರಿತ್ರೆ ಇದೆ. ಅದು ಬೇಸಿಗೆಯ ನೆಂಟರಿಗಾಗಿ ಮನೆಯನ್ನು ಅಣಿಗೊಳಿಸುವ ಕೆಲಸ. ಅದನ್ನು ಯಾವ ಪಠ್ಯಪುಸ್ತಕವೂ ಹೇಳುವುದಿಲ್ಲ. ಆದ್ದರಿಂದ ಈ ಸಲ ಅದನ್ನೇ ಬರೆಯೋಣ ಎಂದುಕೊಂಡೆವು.

ಮೊದಲು ಶಬ್ದದಿಂದಲೇ ಆರಂಭಿಸೋಣ. ನಾವು ನೆಂಟರು ಎನ್ನುತ್ತೇವೆ. ತುಳುವಿನಲ್ಲಿ ಬಿನ್ನೆರ್ ಎನ್ನುತ್ತಾರೆ. ಮಲೆಯಾಳದಲ್ಲಿ ವಿರುನ್ನುಕಾರ್. ಹಳಗನ್ನಡದಲ್ಲಿ ಬಿರ್ದು ಎಂದರೆ ಔತಣ. ಬಿರ್ದು, ಬಿನ್ನೆ, ವಿರುನ್ನು ಈ ಮೂರೂ ಒಂದೇ ಬೇರಿನ ಚಿಗುರುಗಳು. ಗಡಿ ಎಳೆಯುವವರು ಬರುವುದಕ್ಕೆ ಎಷ್ಟೋ ಶತಮಾನ ಮೊದಲೇ ಈ ನೆಲದ ಭಾಷೆಗಳು ಒಂದೇ ಜಗಲಿಯಲ್ಲಿ ಕುಳಿತು ಉಂಡಿದ್ದವು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ನೆಂಟರು ಬೇಸಿಗೆಯಲ್ಲೇ ಬರುತ್ತಿದ್ದುದಕ್ಕೂ ಕಾರಣವಿದೆ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಸೇತುವೆಗಳಿಲ್ಲದ ಕಾಲದಲ್ಲಿ ಹೊಳೆ ತುಂಬಿದರೆ ಆಚೆ ದಡದ ತವರುಮನೆಯೂ ಪರದೇಶವೇ. ಹಾಗಾಗಿ ಅಡಿಕೆ ಕೊಯ್ಲು ಮುಗಿದು, ಅಂಗಳ ತೆರವಾಗಿ, ಮಳೆ ಹಿಡಿಯುವವರೆಗಿನ ಅವಧಿಯೇ ಮದುವೆ, ಮುಂಜಿ, ಕೋಲ, ಬಯಲಾಟಗಳ ಕಾಲ. ಏಪ್ರಿಲ್ ನಡುವಿನ ಬಿಸುವಿಗೆ ನೆಂಟರು ಬಂದರೆ, ಬೇಶ ತಿಂಗಳ 10ನೇ ದಿನದ ಪತ್ತನಾಜೆ, ಅಂದರೆ ಮೇ 24ರ ಸುಮಾರಿಗೆ, ಕೋಲ ಮತ್ತು ಆಟಗಳು ಮುಗಿಯುತ್ತವೆ. ನೆಂಟರೂ ಚೀಲ ಕಟ್ಟುತ್ತಾರೆ.

ಇನ್ನು ಮನೆಯ ವಿಷಯ. ಹಿಂದೆ ನಮ್ಮ ಹೆಚ್ಚಿನ ಮನೆಗಳಿಗೆ ಇದ್ದದ್ದು ಮುಳಿಹುಲ್ಲಿನ ಅಥವಾ ತೆಂಗಿನ ಮಡಲಿನ ಮಾಡು. ಅದನ್ನು ಮಳೆಗೆ ಮುಂಚೆ ಹೊಸದಾಗಿ ಹೊದೆಸಲೇಬೇಕು. ಹಳೆ ಹುಲ್ಲು ಇಳಿಸಿದಾಗ ಮಸಿ, ಜೇಡರ ಬಲೆ, ಇಲಿಗೂಡು ಎಲ್ಲವೂ ಕೆಳಗೆ ಬರುತ್ತದೆ. ಮತ್ತೆ ಗೋಡೆಗೆ ಮಣ್ಣು ಮೆತ್ತಬೇಕು, ನೆಲಕ್ಕೆ ಸೆಗಣಿ ಬಳಿಯಬೇಕು. ಆ ಸೆಗಣಿಗೆ ಸುಟ್ಟ ಗೆರಟೆಯ ಮಸಿ ಬೆರೆಸುತ್ತಿದ್ದರು. ಟಾರ್ಚ್ ಬಂದ ಮೇಲೆ ಹಳೆ ಬ್ಯಾಟರಿಯೊಳಗಿನ ಕಪ್ಪೂ ಸೇರಿತು. ಅಂಗಳಕ್ಕೆ ಅಡಿಕೆ ಮರ ಸೀಳಿದ ಸಲಾಕೆಯ ಚಪ್ಪರ, ಮೇಲೆ ಮಡಲು. ಹಗಲಿಗೆ ನೆರಳು, ರಾತ್ರಿ ಹತ್ತು ಹನ್ನೆರಡು ಮಂದಿಗೆ ಮಲಗಲು ಜಾಗ.

1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿತು. 1907ರಲ್ಲಿ ರೈಲು ನಮ್ಮೂರನ್ನು ಹಾದು ಮಂಗಳೂರು ಮುಟ್ಟಿತು. ಈ ಎರಡೂ ನೆಂಟಸ್ತಿಕೆಯ ಚರಿತ್ರೆಯಲ್ಲಿ ದೊಡ್ಡ ಘಟನೆಗಳೇ. ಹಂಚಿನ ಮಾಡಿಗೆ ಪ್ರತಿ ವರ್ಷ ಹುಲ್ಲು ಹೊದೆಸುವ ಕೆಲಸವಿಲ್ಲ, ಒಡೆದ ಹಂಚು ಬದಲಿಸಿದರೆ ಸಾಕು. ರೈಲಿನಿಂದಾಗಿ ದೂರದ ನೆಂಟರೂ ಹತ್ತಿರವಾದರು. ಆದರೆ ಹಂಚು ಎಲ್ಲರ ಮನೆಗೂ ಒಟ್ಟಿಗೆ ಬರಲಿಲ್ಲ. ಹಣವಿದ್ದವರ ಮನೆಗೆ ಮೊದಲು ಬಂತು. ಒಕ್ಕಲುಗಳ ಗುಡಿಸಲಿಗೆ ಬರುವಾಗ ಎರಡು ಮೂರು ತಲೆಮಾರುಗಳೇ ಕಳೆದಿದ್ದವು.

ನೀರಿನ ಮಾತು ಹೇಳದೆ ಬೇಸಿಗೆಯ ಮಾತು ಪೂರ್ತಿಯಾಗದು. ಮನೆಯವರಿಗೇ ನೀರು ಸಾಲದ ಏಪ್ರಿಲ್‌ನಲ್ಲಿ ನೆಂಟರಿಗೆ ಎಲ್ಲಿಂದ ತರುವುದು? ಬಾವಿಗೆ ಇಳಿದು ಕೆಸರು ತೆಗೆದು ಒರತೆ ಬಿಡಿಸುತ್ತಿದ್ದರು. ತೋಡಿಗೆ ಮಳೆ ಮುಗಿದ ಮೇಲೆ ಕಲ್ಲು ಮಣ್ಣಿನ ಕಟ್ಟ ಹಾಕಿ ನೀರು ನಿಲ್ಲಿಸುತ್ತಿದ್ದರು. ಎಣ್ಮಕಜೆ, ಬಾಯಾರು ಕಡೆಗಳಲ್ಲಿ ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ಸುರಂಗ ತೋಡುತ್ತಿದ್ದರು. ಒಬ್ಬ ಆಳು ನಿಂತು ಒಳಹೋಗುವಷ್ಟು ಎತ್ತರ, ಎರಡು ಅಡಿಯ ಆಸುಪಾಸಿನ ಅಗಲ. ಪಂಪು, ವಿದ್ಯುತ್ತು ಯಾವುದೂ ಬೇಡ, ನೀರು ತಾನಾಗಿಯೇ ಇಳಿದು ಬರುತ್ತದೆ. ಈ ಸುರಂಗಗಳು ನಮ್ಮ ಜಿಲ್ಲೆಯಲ್ಲಿ ಸಾವಿರಗಟ್ಟಲೆ ಇವೆ. ಬಂದವರಿಗೆ ಮೊದಲು ಬೆಲ್ಲ ಮತ್ತು ನೀರು ಇಡುವ ಪದ್ಧತಿಯ ಹಿಂದೆ ಇಷ್ಟು ಬೆವರಿದೆ ಎಂಬುದನ್ನು ಮಕ್ಕಳಿಗೆ ತಿಳಿಸಬೇಕು.

ಅಡುಗೆಮನೆಯ ಸಿದ್ಧತೆಯಲ್ಲಿ ಒಂದು ಸ್ವಾರಸ್ಯವಿದೆ. ಹಲಸಿನಕಾಯಿ ಬೇಯಿಸಿ ಗುದ್ದಿ ಹಪ್ಪಳ ಒತ್ತುವುದು, ಸೊಳೆಯನ್ನು ಉಪ್ಪಿಗೆ ಹಾಕುವುದು, ಹಲಸಿನ ಬೇಳೆಯನ್ನು ಬೇಯಿಸಿ ಒಣಗಿಸಿ ಸಾಂತಾಣಿ ಮಾಡುವುದು, ಮಾವಿನ ರಸ ಎರೆದು ಮಾಂಬಳ ಮಾಡುವುದು, ಮಿಡಿ ಉಪ್ಪಿನಕಾಯಿಯ ಭರಣಿ ತುಂಬುವುದು, ಸೌತೆಕಾಯಿಯನ್ನು ಬಾಳೆನಾರಿನಿಂದ ಕಟ್ಟಿ ಮಾಡಿಗೆ ತೂಗುಹಾಕುವುದು, ಇವೆಲ್ಲ ನೆಂಟರ ಕಾಲದ ಕೆಲಸಗಳು. ಆದರೆ ಇವುಗಳ ನಿಜವಾದ ಗಿರಾಕಿ ಆಟಿ ತಿಂಗಳ ಹಸಿವು. ಜಡಿಮಳೆಯಲ್ಲಿ ತರಕಾರಿ ಸಿಗದಾಗ ಉಪ್ಪುಸೊಳೆಯೇ ಪಲ್ಯ, ಅದೇ ರೊಟ್ಟಿ, ಅದೇ ಉಂಡ್ಲಕಾಳು. ನೆಂಟರು ಬರುವುದು ತಿನ್ನುವುದಕ್ಕೆ ಮಾತ್ರವಲ್ಲ, ಕೈಗೂಡಿಸುವುದಕ್ಕೆ. ದೊಡ್ಡಮ್ಮ ಹಿಟ್ಟು ಗುದ್ದಿದರೆ ಅತ್ತಿಗೆ ಒತ್ತುತ್ತಾಳೆ, ಮಕ್ಕಳು ಚಾಪೆಯ ಹತ್ತಿರ ಕೂತು ಕಾಗೆ ಓಡಿಸುತ್ತಾರೆ. ಹೋಗುವಾಗ ಅವರವರ ಪಾಲಿನ ಹಪ್ಪಳದ ಕಟ್ಟು ಅವರವರ ಚೀಲಕ್ಕೆ. ಆ ಕಡೆಯ ಮನೆಯಲ್ಲೂ ಮುಂದಿನ ವಾರ ಇದೇ ಕ್ರಮ. ಹೀಗೆ ನೋಡಿದರೆ ನೆಂಟಸ್ತಿಕೆ ಎಂಬುದು ಒಂದು ಸಹಕಾರಿ ಸಂಘವೇ ಆಗಿತ್ತು, ದಾಖಲೆ ಪುಸ್ತಕ ಮಾತ್ರ ಇರಲಿಲ್ಲ.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ದೊಡ್ಡ ಮನೆಗಳ ಈ ಸಂಭ್ರಮದ ಭಾರ ಹೊತ್ತವರು ಹೆಂಗಸರು ಮತ್ತು ಒಕ್ಕಲುಗಳು. ಚಪ್ಪರ ಹಾಕಿದವರು, ಹುಲ್ಲು ಹೊತ್ತವರು, ಬಾವಿಗಿಳಿದವರು ಅದೇ ಜಗಲಿಯ ಮೇಲೆ ಕೂರುವಂತಿರಲಿಲ್ಲ. ಬಿಸುವಿಗೆ ಧಣಿಯ ಮನೆಗೆ ಬುಳೆಕಾಣಿಕೆ ಒಪ್ಪಿಸಿ ಬಂದ ಮೇಲೆಯೇ ತಮ್ಮ ಮನೆಯ ಹಬ್ಬ. ಕೇರಳದಲ್ಲಿ 1970ರ ಜನವರಿ 1ರಿಂದ ಭೂಸುಧಾರಣೆ ಜಾರಿಯಾಗಿ ಗೇಣಿ ಪದ್ಧತಿ ಕೊನೆಗೊಂಡಿತು. ಉತ್ತವನಿಗೆ ಭೂಮಿ ಸಿಕ್ಕಿತು. ನಮ್ಮ ದೃಷ್ಟಿಯಲ್ಲಿ ಇದು ಬೇಸಿಗೆಯ ಚರಿತ್ರೆಯ ಅತಿ ದೊಡ್ಡ ತಿರುವು. ಅಲ್ಲಿಂದ ಮುಂದೆ ಒಕ್ಕಲಾಗಿದ್ದವನು ತನ್ನ ಅಂಗಳದಲ್ಲಿ ತನ್ನದೇ ನೆಂಟರಿಗೆ ಚಪ್ಪರ ಹಾಕಿದ.

ಇನ್ನೊಂದು ತಿರುವು ಅದಕ್ಕಿಂತ ಮೊದಲಿನದು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯಿಂದ ಕಾಸರಗೋಡು ತಾಲೂಕು ಬೇರ್ಪಟ್ಟು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು 1967ರಲ್ಲಿ ಮಹಾಜನ ವರದಿ ಹೇಳಿತು, ಅದು ಜಾರಿಯಾಗಲಿಲ್ಲ. 1984ರ ಮೇ 24ರಂದು ಕಾಸರಗೋಡು ಕೇರಳದ ಪ್ರತ್ಯೇಕ ಜಿಲ್ಲೆಯಾಯಿತು. ನಕ್ಷೆಯಲ್ಲಿ ಇದು ಒಂದು ಗೆರೆ. ಮನೆಯಲ್ಲಿ ಮಾತ್ರ ಬೇರೆಯೇ. ಪುತ್ತೂರು, ಸುಳ್ಯ, ವಿಟ್ಲದ ಅತ್ತೆ ಮಾವಂದಿರು ಒಂದೇ ರಾತ್ರಿಯಲ್ಲಿ ಹೊರರಾಜ್ಯದವರಾದರು. 1960ರ ದಶಕದ ನಡುವಿನಲ್ಲಿ ರಾಜ್ಯದಿಂದ ರಾಜ್ಯಕ್ಕೆ ಅಕ್ಕಿ ಸಾಗಿಸಲು ನಿರ್ಬಂಧ ಬಂದಾಗ, ತವರಿನಿಂದ ಮಗಳ ಮನೆಗೆ ಹೊರಟ ಅಕ್ಕಿಯೂ ಚೆಕ್‌ಪೋಸ್ಟಿನ ಲೆಕ್ಕಕ್ಕೆ ಬಂತು. ಶಾಲೆಗಳ ರಜೆಯೂ ಬೇರೆ ಬೇರೆ. ಇಲ್ಲಿ ಮಾರ್ಚ್ ಕೊನೆಗೆ ಶಾಲೆ ಮುಚ್ಚಿದರೆ ಅಲ್ಲಿ ಏಪ್ರಿಲ್ ಎರಡನೇ ವಾರ. ಆದರೂ ನೆಂಟರು ಬಂದರು. ಗೆರೆಯನ್ನು ಅವರು ಬಸ್ಸಿನ ಕಿಟಕಿಯಿಂದ ನೋಡಿ ದಾಟಿದರು.

ಅವರು ಬಾರದ ಬೇಸಿಗೆ ಒಂದಿದೆ. 2020ರ ಮಾರ್ಚ್ ಕೊನೆಗೆ ಕೊರೋನಾ ಕಾರಣ ಗಡಿಯ ರಸ್ತೆಗಳು ಮುಚ್ಚಿದವು. ಕೆಲವು ಕಡೆ ರಸ್ತೆಗೆ ಮಣ್ಣನ್ನೇ ಸುರಿದರು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳ ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ಆ ವರ್ಷ ಹಲಸು ಮರದಲ್ಲೇ ಹಣ್ಣಾಗಿ ಬಿತ್ತು. 64 ವರ್ಷಗಳಲ್ಲಿ ಗಡಿ ಎಂದರೇನೆಂದು ನಮ್ಮ ಮಕ್ಕಳಿಗೆ ಅಷ್ಟು ಸ್ಪಷ್ಟವಾಗಿ ಯಾವ ಪಾಠವೂ ಕಲಿಸಿರಲಿಲ್ಲ.

ಈಗಿನ ಸ್ಥಿತಿ ಏನು? ಮಾಡು ಕಾಂಕ್ರೀಟಿನದು, ನೆಲ ಟೈಲ್ಸಿನದು. ಒರೆಸಲು ಅರ್ಧ ಗಂಟೆ ಸಾಕು. ಹಪ್ಪಳ ಅಂಗಡಿಯಲ್ಲಿದೆ. ಗಲ್ಫಿನಲ್ಲಿರುವ ನೆಂಟರ ಮಕ್ಕಳಿಗೆ ಬೇಸಿಗೆ ರಜೆ ಜುಲೈ, ಆಗಸ್ಟ್‌ನಲ್ಲಿ, ಅಂದರೆ ನಮ್ಮ ಮಳೆಗಾಲದಲ್ಲಿ. ಬೆನ್ನು ಬಗ್ಗಿಸಿ ಸೆಗಣಿ ಬಳಿಯುವ ಶ್ರಮ ಹೋದದ್ದು ಒಳ್ಳೆಯದೇ, ಅದಕ್ಕಾಗಿ ಅಳಬೇಕಾಗಿಲ್ಲ. ನಮ್ಮ ಚಿಂತೆ ಬೇರೆ. ಕೆಲಸದೊಡನೆ ಮಾತೂ ಹೋಗುತ್ತಿದೆ. ಮುಳಿ, ಮಡಲು, ಸಲಾಕೆ, ಕಟ್ಟ, ಒರತೆ, ಸಾಂತಾಣಿ, ಮಾಂಬಳ ಎಂಬ ಶಬ್ದಗಳನ್ನು ತರಗತಿಯಲ್ಲಿ ಹೇಳಿದರೆ ಅರ್ಧದಷ್ಟು ಮಕ್ಕಳು ಮುಖ ಮುಖ ನೋಡುತ್ತಾರೆ. ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು, ಕಚೇರಿಯಲ್ಲಿ ಮತ್ತೊಂದು ಇರುವ ನಮ್ಮಂಥ ಊರಿನಲ್ಲಿ ಕನ್ನಡ ಉಳಿದದ್ದು ಪುಸ್ತಕದಿಂದ ಮಾತ್ರವಲ್ಲ, ಹಪ್ಪಳದ ಚಾಪೆಯ ಸುತ್ತ ಕೂತು ಎರಡು ರಾಜ್ಯಗಳ ಮಕ್ಕಳು ಆಡಿದ ಮಾತಿನಿಂದ.

ಆದ್ದರಿಂದ ಸಹೋದ್ಯೋಗಿ ಮಿತ್ರರಲ್ಲಿ ಒಂದು ವಿನಂತಿ. ಈ ರಜೆಗೆ ಮಕ್ಕಳಿಗೆ ಕಾಪಿ ಬರೆಯಲು ಕೊಡುವ ಬದಲು ಈ ಕೆಲಸ ಕೊಡಿ. ಮನೆಯ ಅಜ್ಜಿಯನ್ನೋ, ಅಜ್ಜನನ್ನೋ ಕೇಳಿ ಇಪ್ಪತ್ತು ಶಬ್ದ ಬರೆದು ತರಲಿ. ಕನ್ನಡ, ತುಳು, ಮಲೆಯಾಳ, ಕೊಂಕಣಿ, ಮರಾಠಿ, ಬ್ಯಾರಿ ಯಾವುದಾದರೂ ಸರಿ, ಅರ್ಥ ಮಾತ್ರ ಕನ್ನಡದಲ್ಲಿರಲಿ. ನೆಂಟರ ಮಕ್ಕಳೂ ಜೊತೆಗೆ ಕೂರಲಿ. ಜೂನ್ ತಿಂಗಳಲ್ಲಿ ಶಾಲೆ ತೆರೆಯುವಾಗ ಹೊರಗೆ ಮಳೆ ಸುರಿಯುತ್ತಿರುತ್ತದೆ. ತರಗತಿಯಲ್ಲಿ ಓದಿ ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಸಿಗದು.